ಪಂಚಮಿಯ ಡಬ್ಬಿ

"ಅಕ್ಕಾರ, ನಿಮಗ ಚೀಟಿ ಇಲ್ರಿ," ಎಂದ ಶರಣಬಸವ. ಹೇಳುವಾಗ ಅವನು ನೇತ್ರಾಳ ಮುಖ ನೋಡಲಿಲ್ಲ, ಅವಳ ಕೈಯಲ್ಲಿದ್ದ ಸ್ಟೀಲ್ ಡಬ್ಬಿ ನೋಡಿದ.

"ಯಾಕೋ? ಮುಗದಾವೇನು?"

"ಬೇಕಾದಷ್ಟು ಅದಾವ್ರಿ. ಆದ್ರ ನೀವು ಆ ಕಡೆಯವರು ಅಂತ ಆಗೇತ್ರಿ. ಹಿಂದ ಖುರ್ಚಿ ಹಾಕೇವಿ, ಅಲ್ಲಿ ಕುಂತು ಕೇಳಬಹುದು."

ಲಂಡನ್ನಿನ ಅಂಚಿನ ಅಕ್ಸ್‌ಬ್ರಿಡ್ಜಿನ ಚರ್ಚ್ ಹಾಲಿನ ಬಾಗಿಲಲ್ಲಿ ನೇತ್ರಾಳ ಹಿಂದೆ ದಾನಪ್ಪ ಮತ್ತು ಅವನ ಹೆಂಡತಿ ಕಲ್ಯಾಣಿ ನಿಂತಿದ್ದರು. ದಾನಪ್ಪ ಬೆಳಗಾವಿಯವನು. ಕಲ್ಯಾಣಿ ಅಪ್ಪಟ ಮೈಸೂರಿನವಳು. ಗೋಕಾಕ ಎಂದರೆ ಅದೊಂದು ಬಗೆಯ ಕರದಂಟು ಎಂದಷ್ಟೇ ಇವತ್ತಿಗೂ ತಿಳಿದಿರುವವಳು. ಶರಣಬಸವ ಅವಳಿಗೆ "ನಮಸ್ಕಾರ್ರಿ ವೈನಿ" ಎಂದು ಹಳದಿ ಚೀಟಿಯೊಂದನ್ನು ಎರಡೂ ಕೈಯಿಂದ ಕೊಟ್ಟ. ಕಲ್ಯಾಣಿ ಅದನ್ನು ತೆಗೆದುಕೊಂಡು, ಏನೋ ತಪ್ಪು ಮಾಡಿದವಳಂತೆ ನೇತ್ರಾಳ ಕಡೆ ನೋಡಿದಳು.

"ಇಕಿ ಯಾವಾಗ ನಮ್ಮ ಕಡೆಯಾಕಿ ಆದಳೋ?" ಎಂದು ಕೇಳಿದಳು ನೇತ್ರಾ.

"ಗಂಡನ ಊರು ಯಾವುದೋ ಹೆಂಡ್ತಿದೂ ಅದೇರಿ. ಹಿರಿಯರು ಕೂಡಿ ಮಾತಾಡಿ ಮಾಡ್ಯಾರ. ನಂದೇನೈತ್ರಿ, ನಾ ಟ್ಯಾಕ್ಸಿ ಓಡಸಾಂವ, ಬಾಗಲಾಗ ಕುಂಡರು ಅಂದ್ರು, ಕುಂತೀನಿ."

ಅದು ಎರಡು ಸಾವಿರದ ಇಸವಿಯ ಆಗಸ್ಟ್. ದಿಲ್ಲಿಯ ಲೋಕಸಭೆಯಲ್ಲಿ ಅದೇ ವಾರ ಮೂರು ಹೊಸ ರಾಜ್ಯಗಳ ಮಸೂದೆ ಪಾಸಾಗಿತ್ತು. ಮೂರು ಆಗುವುದಾದರೆ ನಾಲ್ಕನೆಯದು ಯಾಕಾಗಬಾರದು ಎಂಬ ಮಾತು ಹುಬ್ಬಳ್ಳಿಯ ಚಹಾದಂಗಡಿಯಿಂದ ಹೊರಟು, ಫೋನ್ ಕಾರ್ಡುಗಳ ಮೇಲೇರಿ, ಲಂಡನ್ನಿನ ಕನ್ನಡ ಬಳಗಕ್ಕೂ ಬಂದು ಮುಟ್ಟಿತ್ತು. ಬಳಗದ ಉತ್ತರದವರಷ್ಟೇ ಸೇರಿ ಪ್ರತ್ಯೇಕ ರಾಜ್ಯ ಬೇಕೋ ಬೇಡವೋ ಎಂದು ಚೀಟಿ ಹಾಕುವುದು, ಫಲಿತಾಂಶವನ್ನು ಊರಿನ ಪತ್ರಿಕೆಗಳಿಗೆ ಫ್ಯಾಕ್ಸ್ ಮಾಡುವುದು ಎಂದು ತೀರ್ಮಾನವಾಗಿತ್ತು. ದಕ್ಷಿಣದವರು ಬಂದು ಕೇಳಬಹುದು, ಮತ ಹಾಕುವಂತಿಲ್ಲ. ಅಜ್ಜಿಗೆ ಅರಿವೆ ಚಿಂತೆ, ಮೊಮ್ಮಗಳಿಗೆ ಮದುವೆ ಚಿಂತೆ ಎನ್ನುವ ಹಾಗೆ, ಊರಿನವರಿಗೆ ನೀರಿನ ಚಿಂತೆಯಾದರೆ ಇಲ್ಲಿಯವರಿಗೆ ಫ್ಯಾಕ್ಸಿನ ಚಿಂತೆ.

ನೇತ್ರಾ ಹುಟ್ಟಿದ್ದು, ಬೆಳೆದದ್ದು ಧಾರವಾಡ ಜಿಲ್ಲೆಯ ನವಲಗುಂದದಲ್ಲಿ. ಗಂಡ ರಾಮಪ್ರಸಾದ ಬೆಂಗಳೂರಿನ ಬಸವನಗುಡಿಯವನು, ಈಗ ಕ್ಯಾನರಿ ವಾರ್ಫಿನ ಬ್ಯಾಂಕೊಂದರಲ್ಲಿ ಕಂಪ್ಯೂಟರ್ ಕೆಲಸ. ಅವಳದು ಪಾರ್ಕ್ ರಾಯಲ್‌ನ ತಿಂಡಿ ಕಾರ್ಖಾನೆಯ ಲ್ಯಾಬಿನಲ್ಲಿ. ಬೆಂಗಳೂರಿನವನ ಹೆಂಡತಿ 'ಬೇಡ' ಎಂದೇ ಹಾಕುತ್ತಾಳೆ ಎಂದು ಹಿರಿಯರು ಲೆಕ್ಕ ಹಾಕಿದ್ದರಷ್ಟೆ. ಆದರೆ ನಿಜಕ್ಕೂ ಅವಳು 'ಹೌದು' ಎಂದು ಹಾಕಲು ಬಂದಿದ್ದಳು. ಬಳಗದ ಯುಗಾದಿ ನಾಟಕದಲ್ಲಿ ಪ್ರತಿ ವರ್ಷವೂ ಮನೆಗೆಲಸದವಳ ಪಾತ್ರ ಅವಳಿಗೇ. "ನಿಮ್ಮ ಭಾಷೆ ಅದಕ್ಕೆ ಸರಿಯಾಗಿ ಹೊಂದುತ್ತೆ ಕಣ್ರೀ" ಎನ್ನುತ್ತಿದ್ದರು. ಅವಳು ಬಾಯಿ ತೆರೆದರೆ ಸಾಕು, ಹಾಲ್ ನಗುತ್ತಿತ್ತು. ಅತ್ತೆ ಬಂದಾಗಲೆಲ್ಲ "ಮಕ್ಕಳ ಹತ್ರ ನೆಟ್ಟಗೆ ಕನ್ನಡ ಮಾತಾಡಮ್ಮ" ಎನ್ನುತ್ತಿದ್ದರು. ಈ ಹಳದಿ ಚೀಟಿಯಿಂದ ಯಾವ ರಾಜ್ಯವೂ ಆಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೂ ನಕ್ಕವರಿಗೆ ಒಮ್ಮೆ ಉತ್ತರ ಕೊಡಬೇಕಿತ್ತು. ಅದನ್ನು ಗಂಡನಿಗೂ ಹೇಳಿರಲಿಲ್ಲ.

ರಾಮಪ್ರಸಾದ ಹಿಂದಿನ ಸಾಲಿನಲ್ಲಿ ಜಾಗ ಹಿಡಿದಿದ್ದ. ವಿಷಯ ಕೇಳಿ ಅವನಿಗೆ ನಗು ತಡೆಯಲಾಗಲಿಲ್ಲ.

"ನೋಡೇ, ನಿಮ್ಮವರು ನಿನ್ನನ್ನ ನಂಗೆ ಪೂರ್ತಿ ಬಿಟ್ಕೊಟ್ಬಿಟ್ರು. ಇಷ್ಟು ವರ್ಷ ನಮ್ಮಮ್ಮನ ಕೈಲೇ ಆಗದಿದ್ದ ಕೆಲಸ."

"ಸುಮ್ನ ಕುಂಡರ್ರಿ," ಎಂದಳು ನೇತ್ರಾ. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡಳು.

ಆ ಡಬ್ಬಿ ಅವಳದಲ್ಲ, ಎದುರಿಗೆ ಅಧ್ಯಕ್ಷರ ಖುರ್ಚಿಯಲ್ಲಿ ಕೂತಿದ್ದ ಬಸವಂತಪ್ಪನವರದು. ಬೈಲಹೊಂಗಲದ ಕಡೆಯವರು, ಹೇಯ್ಸ್‌ನಲ್ಲಿ ಬಹಳ ಕಾಲ ಅಂಗಡಿ ನಡೆಸಿ ಈಗ ಮಗನಿಗೆ ಬಿಟ್ಟಿದ್ದರು. ನೇತ್ರಾ ಲಂಡನ್ನಿಗೆ ಬಂದ ವರ್ಷ, ನಾಗರ ಪಂಚಮಿಯ ದಿನ, ಇದೇ ಹಾಲಿನಲ್ಲಿ ನಡೆದ ಬಳಗದ ಸಭೆಯಲ್ಲಿ ಮೂಲೆಗೆ ನಿಂತು ಅತ್ತಿದ್ದಳು. ಪಂಚಮಿ ಎಂದರೆ ಅವಳ ಕಡೆ ಹೆಣ್ಣುಮಕ್ಕಳ ಹಬ್ಬ, ಕೊಟ್ಟ ಮಗಳು ತವರಿಗೆ ಬಂದು ಜೋಕಾಲಿ ಆಡಿ ಉಂಡಿ ತಿನ್ನುವ ಹಬ್ಬ. ಅದನ್ನು ಕಂಡ ಬಸವಂತಪ್ಪ ಮರುದಿನವೇ ಹೆಂಡತಿ ರತ್ನವ್ವ ಕಟ್ಟಿದ ಶೇಂಗಾದುಂಡಿ, ಎಳ್ಳುಂಡಿ, ಅಳ್ಳಿಟ್ಟಿನ ಉಂಡಿ ತುಂಬಿದ ಡಬ್ಬಿಯೊಂದಿಗೆ ಅವಳ ಮನೆಯ ಬೆಲ್ ಒತ್ತಿದ್ದರು. "ಇಲ್ಲಿ ನಾವಽ ನಿನ್ನ ತವರು, ಅವ್ವಾ. ಅಳಬ್ಯಾಡ," ಎಂದಿದ್ದರು. ಅಂದಿನಿಂದ ಒಂದು ವರ್ಷವೂ ತಪ್ಪಿಸಿರಲಿಲ್ಲ. ನವಲಗುಂದದಲ್ಲಿ ಅಪ್ಪ ಅವ್ವ ಇಬ್ಬರೂ ತೀರಿಕೊಂಡ ಮೇಲೆ ಈ ಡಬ್ಬಿಯೇ ಅವಳಿಗೆ ಉಳಿದ ತವರು.

ನಿನ್ನೆಯೂ ಬಂದಿದ್ದರು. ಚಹಾ ಕುಡಿದು, ಮಕ್ಕಳ ತಲೆ ಸವರಿ ಹೋಗಿದ್ದರು. ಚೀಟಿಯ ಮಾತು ಎತ್ತಿರಲಿಲ್ಲ. ಉಂಡಿಗಳನ್ನು ಬೇರೆ ಪಾತ್ರೆಗೆ ತೆಗೆದಿಟ್ಟು, ಬರಿ ಡಬ್ಬಿ ಮರಳಿಸಬಾರದೆಂದು ರಾತ್ರಿ ಅಡುಗೆಮನೆಯಲ್ಲಿ ನಿಂತು ಕೋಡುಬಳೆ ಕರಿದು ತುಂಬಿಕೊಂಡು ಬಂದಿದ್ದಳು ನೇತ್ರಾ.

ಮಹಾಲಿಂಗಪ್ಪ ಭಾಷಣಕ್ಕೆ ಎದ್ದ. ಬಿಜಾಪುರದವನು, ದ್ರಾಕ್ಷಿ ಮತ್ತು ಒಣದ್ರಾಕ್ಷಿ ತರಿಸುವ ವ್ಯಾಪಾರ. ಈ ವರ್ಷ ಮೂರು ಸಲ ಊರಿಗೆ ಹೋಗಿ ಬಂದಿದ್ದ, ಪ್ರತಿ ಸಲವೂ ಅವನ ಖಾದಿ ಇನ್ನಷ್ಟು ಬೆಳ್ಳಗಾಗಿತ್ತು.

"ಹೊಳಿ ನಮ್ಮ ಊರಾಗ ಹರೀತೈತಿ, ಕಾಲುವಿ ಅವರ ಕಾಗದದಾಗ ಹರೀತೈತಿ! ಒಂದು ಕೇಸಿಗೆ ನಮ್ಮ ಮಂದಿ ರಾತ್ರಿ ಪೂರಾ ಬಸ್ಸಿನಾಗ ಕುಂತು ಬೆಂಗಳೂರಿಗೆ ಹೋಗಬೇಕು. ಹೋದ್ರ ಅಲ್ಲಿ ಆಟೋದಾಂವ ಸುದ್ದಾ ನಮ್ಮ ಮಾತು ಕೇಳಿ ನಗತಾನ. ಎಷ್ಟು ದಿವಸ ನಗಿಸಿಕೋತ ಕುಂಡ್ರೂದ್ರಿ?"

ಚಪ್ಪಾಳೆ ಬಿತ್ತು. ನೇತ್ರಾಳ ಕೈಯೂ ಮೇಲೇಳುವುದರಲ್ಲಿತ್ತು. ಅವನು ಹೇಳಿದ್ದೆಲ್ಲ ಖರೆ. ಅದೇ ಅವಳಿಗೆ ಸಿಟ್ಟು ತರಿಸುತ್ತಿತ್ತು. ಖರೆ ಮಾತು ಇಂಥವನ ಬಾಯಿಗೆ ಯಾಕೆ ಬೀಳಬೇಕು?

ರಾಮಪ್ರಸಾದ ಕೈ ಎತ್ತಿದ. "ಒಂದು ಪ್ರಶ್ನೆ. ಹೊಸ ರಾಜ್ಯ ಆದ್ರೆ ಹೊಸ ವಿಧಾನಸಭೆ ಬರುತ್ತೆ. ನೀವು ಎಲೆಕ್ಷನ್‌ಗೆ ನಿಲ್ತೀರಾ?"

"ನೀವು ಬರೇ ಕೇಳಾಕ ಬಂದವರು, ಸಾಹೇಬ್ರ."

"ಕೇಳ್ತಾನೇ ಇದೀನಲ್ಲ ಸ್ವಾಮಿ."

ಹಾಲ್ ನಕ್ಕಿತು. ಮಹಾಲಿಂಗಪ್ಪ ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಂಡ. "ಜನಾ ಕರದ್ರ ಒಲ್ಲೆ ಅನ್ನಾಕ ಆಗ್ತೈತೇನ್ರಿ?"

ಜನ ಕರೆಯುವ ಮೊದಲೇ ಇವನು ಓಗೊಟ್ಟಾಗಿದೆ ಎಂದು ಎಲ್ಲರಿಗೂ ಗೊತ್ತಿತ್ತು. ಫಲಿತಾಂಶ ನೂರಕ್ಕೆ ನೂರು ಬರಬೇಕು, ಆಗಲೇ ಪತ್ರಿಕೆಯವರು ಮುಖಪುಟಕ್ಕೆ ಹಾಕುತ್ತಾರೆ ಎಂದು ಬಸವಂತಪ್ಪನವರ ಕಿವಿ ಕಚ್ಚಿದವನೂ ಅವನೇ. ದಕ್ಷಿಣಕ್ಕೆ ಕೊಟ್ಟ ಹೆಣ್ಣುಮಕ್ಕಳನ್ನು ಹೊರಗಿಡುವ ಉಪಾಯ ಹುಟ್ಟಿದ್ದು ಹಾಗೆ.

ನೇತ್ರಾ ಎದ್ದು ನಿಂತಳು.

"ನಂದೂ ಒಂದು ಪ್ರಶ್ನೆ ಐತ್ರಿ. ಮಹಾಲಿಂಗಪ್ಪನವರಿಗಲ್ಲ, ಬಸವಂತಪ್ಪ ಕಾಕಾರಿಗೆ. ಕಾಕಾ, ನನ್ನ ಊರು ಯಾವುದ್ರಿ?"

ಬಸವಂತಪ್ಪ ಮುಗುಳ್ನಕ್ಕರು. "ಇದೇನು ಕೇಳೂದವ್ವಾ. ನವಲಗುಂದ."

"ಮತ್ತ ನನ್ನ ಚೀಟಿ?"

ನಗು ಅಲ್ಲೇ ನಿಂತಿತು. ಅವರು ಕನ್ನಡಕ ತೆಗೆದು ಧೋತರದ ಅಂಚಿನಿಂದ ಒರೆಸಿದರು. "ಅದು ಹುಟ್ಟಿದ ಊರು, ತಂಗಿ. ಈಗ ನಿನ್ನ ಊರು ರಾಮಪ್ರಸಾದರ ಊರು. ಸಿಟ್ಟಾಗಬ್ಯಾಡ. ಹಿರೇರು ಸುಮ್ನ ಹೇಳಿಲ್ಲ, ಕೊಟ್ಟ ಹೆಣ್ಣು ಕುಲಕ್ಕ ಹೊರಗ."

ಮೆತ್ತಗೆ, ಅಕ್ಕರೆಯಿಂದಲೇ ಹೇಳಿದರು. ಆ ಅಕ್ಕರೆಯೇ ಅವಳನ್ನು ಸುಟ್ಟಿತು.

"ಹಂಗಾರ ನಿನ್ನೆ ಈ ಡಬ್ಬಿ ತಂದು ನನ್ನ ಕೈಯಾಗ ಇಟ್ರಲ್ರಿ, ಅವಾಗ ನಾ ಕುಲದ ಒಳಗಿದ್ನೋ, ಹೊರಗಿದ್ನೋ?"

ಬಸವಂತಪ್ಪ ಒರೆಸಿದ ಕನ್ನಡಕವನ್ನೇ ಮತ್ತೆ ಒರೆಸತೊಡಗಿದರು.

"ಈ ರೂಲ್ ಯಾವಾಗ ಮಾಡಿದ್ರಿ, ಕಾಕಾ?"

"ಬುಧವಾರ," ಎಂದರು ಬಸವಂತಪ್ಪ. ಸುಳ್ಳು ಹೇಳುವ ಅಭ್ಯಾಸ ಅವರಿಗಿರಲಿಲ್ಲ.

"ಅಂದ್ರ ಉಂಡಿ ಕೊಡೂ ಮುಂದ ನಿಮಗ ಗೊತ್ತಿತ್ತು. ನನ್ನ ಮನ್ಯಾಗ ಕುಂತು ಚಾ ಕುಡಿಯೂ ಮುಂದ ಗೊತ್ತಿತ್ತು. ಮೇ ತಿಂಗಳಾಗ ಈ ಲಂಡನ್ನಿಗೆ ಮೇಯರ್ ಯಾರಾಗಬೇಕಂತ ನಾ ಓಟ್ ಹಾಕೀನ್ರಿ, ಇಂಡಿಯಾ ಪಾಸ್‌ಪೋರ್ಟ್ ಇಟಗೊಂಡು. ನಿನ್ನ ಗಂಡನ ಊರು ಯಾವುದವ್ವಾ ಅಂತ ಬಿಳೇರು ಒಬ್ರೂ ಕೇಳಲಿಲ್ಲ. ನನ್ನ ತವರಿನವರು ಕೇಳಿದ್ರಿ."

"ಅವ್ವಾರ, ಐದಕ್ಕ ಹಾಲ್ ಬಿಡಬೇಕು," ಎಂದು ಮಹಾಲಿಂಗಪ್ಪ ನಡುವೆ ಬಾಯಿ ಹಾಕಿದ. ರಾಮಪ್ರಸಾದನ ಕಡೆ ಗದ್ದ ತಿರುಗಿಸಿ, "ನಿಮ್ಮ ಓಟು ಎಲ್ಲಿ ಬೀಳ್ತೈತಿ ಅಂತ ಎಲ್ಲಾರಿಗೂ ಗೊತ್ತೈತಿ, ಬಿಡ್ರಿ," ಎಂದ.

"ಗೊತ್ತೈತೇನ್ರಿ? ನಾ 'ಹೌದು' ಅಂತ ಹಾಕಾಕ ಬಂದಿದ್ನಿ."

ರಾಮಪ್ರಸಾದ ತಲೆ ಎತ್ತಿ ಹೆಂಡತಿಯನ್ನು ನೋಡಿದ. ಅವನ ಮುಖದಲ್ಲಿದ್ದ ತಮಾಷೆ ಇಳಿದುಹೋಗಿತ್ತು. ಅವಳಿಗೆ ಮುಂದೆ ಹೋಗಲು ದಾರಿಯಾಗಲೆಂದು, ಕಾಲು ಮಡಿಸಿ ಸರಿದು ಕೂತ.

ನೇತ್ರಾ ಚಹಾದ ಮೇಜಿನ ಬಳಿ ಹೋಗಿ ಡಬ್ಬಿಯ ಮುಚ್ಚಳ ತೆಗೆದಳು. ಕೋಡುಬಳೆಗಳನ್ನೆಲ್ಲ ಕಾಗದದ ತಟ್ಟೆಗಳಿಗೆ ಸುರಿದಳು. ಒಂದೆರಡು ನೆಲಕ್ಕೆ ಉರುಳಿದವು. ಬರಿದಾದ ಡಬ್ಬಿಯನ್ನು ಒಯ್ದು, ಅಧ್ಯಕ್ಷರ ಎದುರು ಮತ ಹಾಕಲು ಇಟ್ಟಿದ್ದ ರಟ್ಟಿನ ಪೆಟ್ಟಿಗೆಯ ಪಕ್ಕದಲ್ಲಿ ಇಟ್ಟಳು.

"ತಗೋರಿ ಕಾಕಾ, ನಿಮ್ಮ ಡಬ್ಬಿ. ಕುಲಕ್ಕ ಹೊರಗಿನಾಕಿಗೆ ಪಂಚಮಿ ಉಂಡಿ ಯಾಕ ಬೇಕು?"

"ಅಯ್ಯ ನಮ್ಮವ್ವ, ಹಂಗ ಬರೇ ಡಬ್ಬಿ ಕೊಡಬಾರ್ದ!" ಎಂದು ಅಡುಗೆಕೋಣೆಯ ಬಾಗಿಲಿನಿಂದ ರತ್ನವ್ವ ಕೂಗಿಕೊಂಡಳು. ಕೈಯಲ್ಲಿ ಚಹಾ ಸೋಸುವ ಜರಡಿ ಹಾಗೆಯೇ ಇತ್ತು. ಅಲ್ಲಿದ್ದ ಹೆಂಗಸರೆಲ್ಲರಿಗೂ ಅದು ತಿಳಿದ ಮಾತೇ. ಏನೂ ಇಲ್ಲದಿದ್ದರೆ ಚಿಟಿಕೆ ಸಕ್ಕರೆಯನ್ನಾದರೂ ಹಾಕಿ ಪಾತ್ರೆ ಮರಳಿಸಬೇಕು. ಬರಿ ಪಾತ್ರೆ ಕೊಟ್ಟರೆ ಕೊಡುಕೊಳ್ಳುವುದು ಮುಗಿಯಿತು ಎಂದೇ ಅರ್ಥ.

"ಗೊತ್ತೈತಿ ಕಾಕು. ಗೊತ್ತಿದ್ದಽ ಕೊಟ್ಟೀನಿ."

ಅಷ್ಟು ಹೇಳಿ ನೇತ್ರಾ ಹಿಂದಿನ ಸಾಲಿಗೆ ಹೋಗಲಿಲ್ಲ. ಚೀಟಿ ಇದ್ದವರಿಗೆಂದು ಹಾಕಿದ್ದ ಮುಂದಿನ ಸಾಲಿನಲ್ಲಿ, ಪೆಟ್ಟಿಗೆಯ ನೇರ ಎದುರಿನ ಖುರ್ಚಿಯಲ್ಲಿ ಕೂತಳು. ಮಹಾಲಿಂಗಪ್ಪ ಶರಣಬಸವನಿಗೆ ಕಣ್ಸನ್ನೆ ಮಾಡಿದ. ಶರಣಬಸವ ಕಿಟಕಿಯ ಹೊರಗೆ ನೋಡತೊಡಗಿದ.

ಮತ ಹಾಕುವುದು ಶುರುವಾಯಿತು. ಪ್ರತಿಯೊಬ್ಬರೂ ಅವಳ ಮೊಣಕಾಲಿಗೆ ತಾಗದಂತೆ ಓರೆಯಾಗಿ ನಡೆದು ಹೋಗಿ ಚೀಟಿ ಹಾಕಬೇಕಾಯಿತು. ಗಂಡಸರು ಅವಳನ್ನು ನೋಡದೆ ಹಾಕಿದರು. ಅವಳು ಮಾತ್ರ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಕಣ್ಣು ಉರಿಯುತ್ತಿತ್ತು, ಆದರೆ ಈ ಹಾಲಿನಲ್ಲಿ ಇನ್ನೊಮ್ಮೆ ಅಳುವುದಿಲ್ಲ ಎಂದು ಹಲ್ಲು ಕಚ್ಚಿದ್ದಳು.

ರತ್ನವ್ವ ಕೈ ಒರೆಸಿಕೊಳ್ಳುತ್ತ ಬಂದು ತನ್ನ ಚೀಟಿಯನ್ನು ಅವಳ ಮುಂದೆ ಹಿಡಿದಳು. "ತಗೊ, ಇದನ್ನ ನೀ ಹಾಕು. ನಮ್ಮ ತವರು ಜತ್ತ, ಅದು ಮಹಾರಾಷ್ಟ್ರದಾಗ ಐತಿ. ನನಗರ ಯಾಕ ಕೊಟ್ರೋ ಏನೋ."

"ಬ್ಯಾಡ ಕಾಕು. ನಿಮ್ಮದು ನಿಮಗಿರಲಿ. ನನಗ ನಂದು ಬೇಕು."

ರತ್ನವ್ವ ಒಂದು ಗಳಿಗೆ ಚೀಟಿ ಹಿಡಿದುಕೊಂಡೇ ನಿಂತಳು. ಗಂಡನ ಕಡೆ ನೋಡಿದಳು. ಆಮೇಲೆ ಅದನ್ನು ರಟ್ಟಿನ ಪೆಟ್ಟಿಗೆಗೆ ಹಾಕದೆ, ಪಕ್ಕದ ಸ್ಟೀಲ್ ಡಬ್ಬಿಯೊಳಗೆ ಹಾಕಿದಳು.

"ಅಲ್ಲಲ್ರಿ ಯಜಮಾನ್ತೇರ, ಪೆಟಗಿ ಈ ಕಡೆ," ಎಂದ ಮಹಾಲಿಂಗಪ್ಪ.

"ಕಣ್ಣು ಕಾಣಸ್ತಾವು ನನಗ. ಬರೇ ಡಬ್ಬಿ ಮನಿಗೆ ಒಯ್ಯಬಾರ್ದು," ಎಂದಳು ರತ್ನವ್ವ.

ಸಾಲಿನಲ್ಲಿ ಅವಳ ಹಿಂದೆ ಕಲ್ಯಾಣಿ ಇದ್ದಳು. ಪೆಟ್ಟಿಗೆ ನೋಡಿದಳು, ಡಬ್ಬಿ ನೋಡಿದಳು. "ನಂಗೆ ಇದನ್ನ ಕೊಟ್ಟಾಗ್ಲಿಂದ ಕೈ ಕಡೀತಿತ್ತಪ್ಪ," ಎಂದು ಯಾರಿಗೋ ಹೇಳುವಂತೆ ಹೇಳಿ ಡಬ್ಬಿಗೇ ಹಾಕಿದಳು. ದಾನಪ್ಪ ಕೆಮ್ಮಿದ. ಅವಳು ತಿರುಗಿ ನೋಡಲಿಲ್ಲ. ಉಳಿದ ಹೆಂಗಸರಲ್ಲಿ ಕೆಲವರು ಪೆಟ್ಟಿಗೆಗೇ ಹಾಕಿದರು.

ಕೊನೆಗೆ ಬಸವಂತಪ್ಪನವರ ಚೀಟಿ ಉಳಿಯಿತು. ಅದನ್ನು ಮಡಚಿದರು, ಮತ್ತೆ ಬಿಚ್ಚಿದರು. ಕಡೆಗೆ ಅಂಗಿಯ ಕಿಸೆಗೆ ಹಾಕಿಕೊಂಡು ಕೂತರು.

ಪೆಟ್ಟಿಗೆಯಲ್ಲಿ 'ಹೌದು' ಗೆದ್ದಿತು. ಚಪ್ಪಾಳೆ ಬಿತ್ತು, ಆದರೆ ಭಾಷಣಕ್ಕೆ ಬಿದ್ದಷ್ಟು ಬೀಳಲಿಲ್ಲ. ಮಹಾಲಿಂಗಪ್ಪ ಡಬ್ಬಿಗೆ ಕೈ ಚಾಚಿದ. "ಇವನ್ನೂ ಕೂಡಿಸಿಬಿಡೂಣ್ರಿ, ಲೆಕ್ಕ ಭಾಳ ಆಗ್ತೈತಿ."

ಬಸವಂತಪ್ಪ ಮುಚ್ಚಳ ಒತ್ತಿ ಅದರ ಮೇಲೆ ಕೈ ಇಟ್ಟರು. "ಇದು ನಮ್ಮ ಮನಿ ಡಬ್ಬಿ. ಇದಕ್ಕ ಕೈ ಹಚ್ಚಬ್ಯಾಡ್ರಿ."

ಹಾಲಿನ ಕಾವಲಿನವನು ಬೀಗದ ಗೊಂಚಲು ಆಡಿಸುತ್ತ ಬಂದ. ಎಲ್ಲರೂ ಖುರ್ಚಿ ಮಡಚಿ ಹೊರಗೆ ಬಂದರು. ರಾಮಪ್ರಸಾದ ಕಾರಿನ ಬಾಗಿಲು ತೆರೆದು ಹಿಡಿದುಕೊಂಡು ನಿಂತಿದ್ದ. ಏನೋ ಹೇಳಹೊರಟವನು, "ಯುಗಾದಿ ನಾಟಕದಲ್ಲಿ ಮನೆಗೆಲಸದವಳ ಪಾರ್ಟು ಇನ್ಮೇಲೆ ನಾನೇ ಮಾಡ್ತೀನಿ ಬಿಡು" ಎಂದ. ನೇತ್ರಾಳಿಗೆ ನಗು ಬರಲಿಲ್ಲ, ಆದರೆ ಅವನ ಕೈಯನ್ನು ಒಮ್ಮೆ ಒತ್ತಿದಳು.

ಬಸವಂತಪ್ಪ ಅಂಗಳ ದಾಟಿ ಅವಳ ಬಳಿ ಬಂದರು. ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದರು.

"ಇದನ್ನ ಏನು ಮಾಡ್ಲೆವ್ವಾ?"

"ಬರೂ ಪಂಚಮಿಗೆ ತಗೊಂಡು ಬರ್ರಿ, ಕಾಕಾ. ಉಂಡಿ ಜೋಡಿ ನನ್ನ ಚೀಟಿನೂ ಇರಬೇಕು. ಅದು ಇಲ್ಲಂದ್ರ ಬೆಲ್ ಒತ್ತಬ್ಯಾಡ್ರಿ."

ಅವರು ಡಬ್ಬಿ ಹಿಡಿದುಕೊಂಡೇ ತಮ್ಮ ಕಾರಿನ ಕಡೆ ತಿರುಗಿದರು. ನೇತ್ರಾ ಕಾರು ಹತ್ತಿ ಕೂತಳು. ರಾಮಪ್ರಸಾದ ಕಾರು ತಿರುಗಿಸುವಾಗ ಅವರ ಹಳೆಯ ಕಾರು ಇನ್ನೂ ಗೇಟಿನ ಬಳಿಯೇ ನಿಂತಿತ್ತು. ಬಸವಂತಪ್ಪ ಸ್ಟಿಯರಿಂಗ್ ಹಿಡಿದು, ಗಾಡಿ ಚಾಲೂ ಮಾಡದೆ, ಎದುರಿನ ಗೋಡೆ ನೋಡುತ್ತ ಕೂತಿದ್ದರು. ಪಕ್ಕದಲ್ಲಿ ರತ್ನವ್ವ ಡಬ್ಬಿಯನ್ನು ಉಡಿಯಲ್ಲಿಟ್ಟುಕೊಂಡು, ಮೇಲೆ ಸೆರಗು ಮುಚ್ಚಿದ್ದಳು.