ಮುಂಗಡ ಸ್ತೋತ್ರ

ಹಾಲಿಗೆ ಒಲೆ ಹಚ್ಚುವ ಮೊದಲೇ ಫೋನು ಶುರುವಾಯಿತು. ಅಮ್ಮನವರು ಬೆಂಕಿಪೊಟ್ಟಣವನ್ನು ಕೈಯಲ್ಲಿ ಹಿಡಿದುಕೊಂಡೇ ಬಂದು ಎತ್ತಿದರು. ಆ ಕಡೆ ಯಾರೋ ವಯಸ್ಸಾದ ಗಂಡಸು. ತಾವು ಯಾರು, ಎಲ್ಲಿಂದ ಎಂದು ಏನೂ ಹೇಳದೆ ನೇರ ವಿಷಯಕ್ಕೇ ಬಂದರು. ಇವತ್ತಿನ ಧ್ಯಾನ ಓದಿ ಕಣ್ಣಲ್ಲಿ ನೀರು ಬಂತಂತೆ, ಮನೆಯವರನ್ನೆಲ್ಲ ಕೂರಿಸಿ ಇನ್ನೊಂದು ಸಲ ಓದಿಸಿದರಂತೆ, ನಿಮ್ಮ ಮಗನನ್ನು ಉಳಿಸಿಕೊಟ್ಟ ದೇವರು ದೊಡ್ಡವನು ಎಂದರು. ಹುಡುಗನಿಗೆ ಈ ತಾತನ ಆಶೀರ್ವಾದ ತಿಳಿಸಿ ಎಂದೂ ಸೇರಿಸಿದರು. ಅಮ್ಮನವರು "ಹೇಳ್ತೀನಿ" ಎಂದು ಫೋನಿಟ್ಟರು. ಇನ್ನೇನು ಹೇಳಬೇಕಿತ್ತು? ಹುಡುಗನನ್ನು ಮಣ್ಣು ಮಾಡಿ ಬಂದು ತಿಂಗಳುಗಳೇ ಆಗಿದ್ದವು.

ಅಮ್ಮನವರ ಗಂಡ ಸಭಾಪಾಲಕರು, ಸಭೆಯವರಿಗೆಲ್ಲ ಅಯ್ಯನವರು. ಅವರು ಬರೆಯುವ ಅನುದಿನದ ಧ್ಯಾನದ ಪುಸ್ತಿಕೆ ಮೂರು ತಿಂಗಳಿಗೊಮ್ಮೆ ಬರುತ್ತಿತ್ತು. ದಿನಕ್ಕೊಂದು ಪುಟ. ಮೇಲೆ ಬೈಬಲಿನ ವಾಕ್ಯ, ನಡುವೆ ಅದರ ಮೇಲೊಂದು ಚಿಂತನೆ, ಕೆಳಗೆ ಒಂದು ಸಾಲಿನ ಪ್ರಾರ್ಥನೆ. ಜನ ಎದ್ದ ಕೂಡಲೇ ಹಾಸಿಗೆಯಲ್ಲಿ ಕೂತೋ, ಕಾಫಿ ಕುಡಿಯುತ್ತಲೋ ಅದನ್ನು ಓದುತ್ತಾರೆ. ಇವತ್ತು ನನಗೆಂದೇ ದೇವರು ಕಳಿಸಿದ ಮಾತು ಎಂದುಕೊಂಡು ಕೆಲಸಕ್ಕೆ ಹೋಗುತ್ತಾರೆ. ದೇವರು ಕಳಿಸುತ್ತಾನೋ ಏನೋ. ಅಯ್ಯನವರಂತೂ ಇವತ್ತಿನ ಮಾತನ್ನು ಇವತ್ತು ಬರೆದಿರುವುದಿಲ್ಲ. ಅಕ್ಷರ ಜೋಡಿಸಬೇಕು, ಕರಡು ತಿದ್ದಬೇಕು, ಅಚ್ಚಾಗಬೇಕು, ಹೊಲಿಗೆ ಬೀಳಬೇಕು, ಅಂಚೆಯಲ್ಲಿ ಊರೂರು ಸುತ್ತಬೇಕು. ಹಾಗಾಗಿ ಅರ್ಧ ವರ್ಷ ಮೊದಲೇ ಬರೆದಿಡುವುದು ಪದ್ಧತಿ. ಸುಡುಬೇಸಿಗೆಯಲ್ಲಿ ಕತ್ತಿನ ಬೆವರು ಒರೆಸಿಕೊಳ್ಳುತ್ತ ಅಯ್ಯನವರು ಚಳಿಯ ಮುಂಜಾನೆಯ ಬಗ್ಗೆ ಬರೆಯುವುದು, ಅಮ್ಮನವರು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಅದರ ಕರಡು ತಿದ್ದುವುದು. ಇದಕ್ಕೆ ಇಬ್ಬರೂ ಹೊಟ್ಟೆ ಹಿಡಿದು ನಗುತ್ತಿದ್ದ ಕಾಲವೊಂದಿತ್ತು.

ಗುಂಡನಿಗೆ ಬಂದದ್ದು ರಕ್ತದ ಕಾಯಿಲೆ. ಗುಂಡ ಎಂದು ಕರೆಯುವಷ್ಟು ಮೈತುಂಬಿಕೊಂಡಿದ್ದ ಮಗ ಆಸ್ಪತ್ರೆಗೆ ಅಲೆದು ಅಲೆದು ಕಡ್ಡಿಯಾಗಿದ್ದ. ನಡುವೆ ಒಂದಷ್ಟು ಕಾಲ ಔಷಧಿ ಹಿಡಿಯಿತು. ಮುಖಕ್ಕೆ ಕಳೆ ಬಂತು, ಬೋಳುತಲೆಯಲ್ಲಿ ನುಣ್ಣನೆಯ ಕೂದಲು ಮೂಡಿತು, ಮೆಟ್ಟಿಲನ್ನು ಎರಡೆರಡು ಹಾರಿ ಹತ್ತಿ ಬೈಸಿಕೊಂಡ. ಅಯ್ಯನವರು ಈ ಪುಟ ಬರೆದದ್ದು ಆ ವಾರ. ಸತ್ತ ಹುಡುಗಿಯ ಕೈಹಿಡಿದು ಯೇಸು ಎಬ್ಬಿಸಿದ ಪ್ರಸಂಗವನ್ನು ಎತ್ತಿಕೊಂಡು, ಮಗನ ಕಾಯಿಲೆ, ತಮ್ಮ ಮೊರೆ, ನಂಬಿಕೆ ಎಲ್ಲವನ್ನೂ ಹೇಳಿ, ನನ್ನ ಮಗ ಈಗ ಪೂರ್ತಿ ಗುಣವಾಗಿದ್ದಾನೆ, ಇವತ್ತು ಬೆಳಗ್ಗೆ ಚೀಲ ಹೆಗಲಿಗೇರಿಸಿ ಶಾಲೆಗೆ ಓಡಿದ ಎಂದು ಮುಗಿಸಿದ್ದರು. ಕರಡು ಓದಿದ ಅಮ್ಮನವರು ಇನ್ನೂ ಶಾಲೆಗೆ ಹೋಗೇ ಇಲ್ವಲ್ರೀ ಎಂದಾಗ, ಕೈಗೆ ಸಿಗೋದಕ್ಕೆ ಮುಂಚೆ ಸ್ತೋತ್ರ ಸಲ್ಲಿಸೋದೇ ನಂಬಿಕೆ ಕಣೇ, ಈ ಪುಟದ ದಿನ ಬರೋ ಹೊತ್ತಿಗೆ ಹೋಗಿರ್ತಾನೆ ನೋಡು ಎಂದರು. ಅಮ್ಮನವರು ವಾದಕ್ಕೆ ನಿಲ್ಲಲಿಲ್ಲ. ನಿಜ ಹೇಳಬೇಕೆಂದರೆ, ತಿದ್ದುವ ನೆಪದಲ್ಲಿ ಆ ಸಾಲನ್ನು ಮತ್ತೆ ಮತ್ತೆ ಓದಿಕೊಂಡಿದ್ದರು. ಓದಿದಷ್ಟು ಸಲವೂ ಹುಡುಗ ಓಡುತ್ತಿದ್ದ.

ಅಲ್ಲ, ಸಾವಿಗೇನು ಅಚ್ಚಿನ ಮನೆಯ ಗಡುವು ಗೊತ್ತಿರುತ್ತದೆಯೇ? ಪುಸ್ತಿಕೆಯ ಕಟ್ಟುಗಳು ಅಂಚೆಗೆ ಹೋದ ಬೆನ್ನಿಗೇ ಕಾಯಿಲೆ ತಿರುಗಿಬಿತ್ತು, ಈ ಸಲ ಯಾವ ಔಷಧಿಗೂ ಬಗ್ಗಲಿಲ್ಲ. ಎಲ್ಲ ಮುಗಿದ ಮೇಲೆ, ಸಂತಾಪಕ್ಕೆ ಬಂದವರೆಲ್ಲ ಹೋದ ಮೇಲೆ, ಅಮ್ಮನವರು ಗಂಡನನ್ನು ಕೇಳಿದರು: ಓದುಗರಿಗೆ ಒಂದೊಂದು ಕಾರ್ಡು ಹಾಕಿಬಿಡೋಣ, ಆ ದಿನದ ಪುಟ ಓದಬೇಡಿ ಅಂತ. ಅಯ್ಯನವರು, "ಓದಿ ಯಾರಿಗಾದ್ರೂ ಧೈರ್ಯ ಬಂದ್ರೆ ಬರ್ಲಿ ಬಿಡು. ನಮಗಂತೂ ಬರ್ಲಿಲ್ಲ" ಎಂದರು. ಆಮೇಲೆ ಆ ಮಾತು ಎತ್ತಗೊಡಲಿಲ್ಲ. ಬರೆಯುವುದೂ ಅಲ್ಲಿಗೆ ನಿಂತಿತು. ಹಳೆಯ ಪುಸ್ತಿಕೆಗಳಿಂದ ಒಂದೊಂದು ಪುಟ ಆರಿಸಿ, ದಿನಾಂಕ ಬದಲಿಸಿ, ಮುಂದಿನ ಸಂಚಿಕೆ ತುಂಬಿಸುತ್ತಿದ್ದರು.

ಫೋನು ಮತ್ತೆ ಬಡಿದುಕೊಂಡಿತು, ಮತ್ತೆ, ಮತ್ತೆ. ಒಬ್ಬಾಕೆ ಹುಡುಗನನ್ನು ಫೋನಿಗೆ ಕರೆಯಿರಿ ಎಂದಳು. ಅಮ್ಮನವರು ತಂತಿಯನ್ನು ಗೋಡೆಯಿಂದ ಕಿತ್ತರು. ಅಯ್ಯನವರು ಬೆಳಗ್ಗೆಯೇ ಅಂಗಳದಾಚೆಯ ತಮ್ಮ ಕೋಣೆ ಸೇರಿ ಬಾಗಿಲು ಹಾಕಿಕೊಂಡಿದ್ದರು. ಎಂಥ ಜಾಣತನ! ಫೋನು ಇರುವುದು ಮನೆಯಲ್ಲಿ, ಅದರ ಜೊತೆ ಹೆಂಡತಿ.

ಹಾಲು ಉಕ್ಕಿಸಿ ಇಳಿಸುವಷ್ಟರಲ್ಲಿ ಗೇಟಿನ ಸದ್ದಾಯಿತು. ಬಂದವಳು ಇನ್ನೂ ಚಿಕ್ಕ ವಯಸ್ಸಿನವಳು, ಗರಿಗರಿ ಇಸ್ತ್ರಿ ಮಾಡಿದ ಬಟ್ಟೆ ಉಟ್ಟಿದ್ದಳು. ಸೊಂಟದ ಮೇಲೊಂದು ಹೆಣ್ಣುಮಗು. ಎತ್ತಿಕೊಂಡು ತಿರುಗುವ ವಯಸ್ಸು ದಾಟಿದ ಮಗು. ಬಿಸಿಲು ಏರಿದ್ದರೂ ಅದರ ತಲೆಗೆ ಉಣ್ಣೆಯ ಟೋಪಿ. ಆ ಟೋಪಿ ನೋಡಿದ್ದೇ ಅಮ್ಮನವರಿಗೆ ಎಲ್ಲ ಗೊತ್ತಾಯಿತು, ಯಾರೂ ಬಾಯಿಬಿಡಬೇಕಾಗಿರಲಿಲ್ಲ.

ಕೂತು ನೀರು ಕುಡಿದು ಬಂದವಳು ತಾನೇ ಹೇಳಿಕೊಂಡಳು. ಲಾಂಡ್ರಿಯೊಂದರಲ್ಲಿ ಇಸ್ತ್ರಿ ಕೆಲಸ. ಮಗಳಿಗೆ ಇದೇ ಕಾಯಿಲೆ. ಇವತ್ತು ಆಸ್ಪತ್ರೆಯಲ್ಲಿ ಔಷಧಿ ಏರಿಸುವ ದಿನ, ಚೀಟಿ ಔಷಧಿಗಳ ಚೀಲ ಜೊತೆಗೇ ಇತ್ತು. ಬಸ್ಸಿಗೆ ಕಾಯುತ್ತ ಧ್ಯಾನದ ಪುಸ್ತಿಕೆ ತೆರೆದಳಂತೆ. ಓದಿ ಮುಗಿಸುವಷ್ಟರಲ್ಲಿ ಆಸ್ಪತ್ರೆಯ ಬಸ್ಸು ಬಂದು ನಿಂತಿತು, ಕಂಡಕ್ಟರು ಕರೆದ, ಇವಳು ಹತ್ತಲಿಲ್ಲ. ಹಿಂದಿನ ರಟ್ಟಿನಲ್ಲಿದ್ದ ವಿಳಾಸ ಹಿಡಿದು ಈ ಕಡೆಯ ಬಸ್ಸು ಹತ್ತಿದಳು. ಇನ್ನು ಮಗಳ ಮೈಗೆ ಸೂಜಿ ತಾಗಿಸುವುದಿಲ್ಲ ಎಂದು ದಾರಿಯುದ್ದಕ್ಕೂ ದೇವರಿಗೆ ಮಾತು ಕೊಟ್ಟುಕೊಂಡೇ ಬಂದಿದ್ದಳು.

"ನಿಮ್ಮ ಮಗ ಒಂದ್ಸಲ ಇವಳ ತಲೆ ಮುಟ್ಲಿ, ಅಮ್ಮನವರೇ. ಅಷ್ಟೇ ಸಾಕು. ಸ್ಕೂಲು ಬಿಡೋವರೆಗೂ ಕಾಯ್ತೀವಿ."

ಅಷ್ಟರಲ್ಲಿ ಅಯ್ಯನವರೇ ಹಿತ್ತಿಲ ಬಾಗಿಲಿಂದ ಒಳಬಂದರು, ಕಾಫಿಗೆಂದು ಕಾಣುತ್ತದೆ. ಇಸ್ತ್ರಿಯವಳು ದಡಬಡಿಸಿ ಎದ್ದು ಕೈಮುಗಿದು ಅದನ್ನೇ ಮತ್ತೆ ಹೇಳಿದಳು. ಅಯ್ಯನವರು ಹೆಂಡತಿಯ ಮುಖ ನೋಡಿದರು, ಮಗುವಿನ ಟೋಪಿ ನೋಡಿದರು. ಅವನು ಈಗ ಇಲ್ಲಿಲ್ಲಮ್ಮ, ಒಳ್ಳೆಯ ಜಾಗದಲ್ಲಿದ್ದಾನೆ ಎಂದರು. ಯಾವ ಹಾಸ್ಟೆಲ್ಲು, ಎಷ್ಟು ದೂರ, ನಾವೇ ಹೋಗಿ ನೋಡ್ತೀವಿ ಎಂದಳು ಇಸ್ತ್ರಿಯವಳು. ಅಯ್ಯನವರು ಕೆಮ್ಮಿದರು.

"ಸತ್ತುಹೋದ," ಎಂದರು ಅಮ್ಮನವರು. "ಈ ಪುಸ್ತಕ ನಿನ್ನ ಕೈ ಸೇರೋ ಹೊತ್ತಿಗೇ ಸತ್ತುಹೋದ. ಅವನು ಗುಣವಾಗ್ತಾನೆ ಅಂದ್ಕೊಂಡು ಮುಂಚೇನೇ ಬರೆದಿದ್ದು ಅದು. ಗುಣ ಆಗ್ಲಿಲ್ಲ."

ಹೇಳಿದ ಮೇಲೆ ಅವರಿಗೇ ಬೆರಗಾಯಿತು. ಆ ಮಾತನ್ನು ಇಷ್ಟು ಸೀದಾ ಅವರು ಈವರೆಗೆ ಯಾರಿಗೂ ಹೇಳಿರಲಿಲ್ಲ. ಇಸ್ತ್ರಿಯವಳು ನಿಜವೇ ಎನ್ನುವ ಹಾಗೆ ಅಯ್ಯನವರ ಕಡೆ ತಿರುಗಿದಳು. ಅವರು ಹೌದೆಂದು ತಲೆ ಆಡಿಸಿದರು. ಅವಳು ನಿಧಾನವಾಗಿ ಕೂತು, ಮಗಳನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿ, ಏನೋ ಲೆಕ್ಕ ಹಾಕುವವಳ ಹಾಗೆ ನೆಲ ನೋಡುತ್ತಿದ್ದಳು. ಈಗ ಎದ್ದರೂ ಆಸ್ಪತ್ರೆಯ ಹೊತ್ತು ಮೀರುವುದಿಲ್ಲ, ರಸ್ತೆಯ ತಿರುವಿನ ನಿಲ್ದಾಣದಲ್ಲಿ ಬಸ್ಸು ಸಿಗುತ್ತದೆ ಎಂದು ಅಮ್ಮನವರು ಹೇಳುತ್ತಿದ್ದುದು ಅವಳ ಕಿವಿಗೆ ಬಿದ್ದಂತೆ ಕಾಣಲಿಲ್ಲ.

"ಅವನಿಗೆ ಔಷಧಿ ಕೊಡಿಸ್ತಿದ್ರಾ?" ಎಂದು ಕೇಳಿದಳು.

"ಕೊಡಿಸದೆ ಇರ್ತೀವಾ? ಕೊನೆವರೆಗೂ ಕೊಡಿಸಿದ್ವಿ."

"ಇದ್ರಲ್ಲಿ ಎಲ್ಲಿದೆ ಅದು?" ಅವಳು ಪುಸ್ತಿಕೆ ತೆರೆದು ಮುಂದೆ ಹಿಡಿದಳು. "ಆಸ್ಪತ್ರೆ ಅಂತ ಒಂದು ಮಾತಿಲ್ಲ. ನಂಬಿದ್ರು, ಪ್ರಾರ್ಥನೆ ಮಾಡಿದ್ರು, ಅಂತಷ್ಟೇ ಇದೆ."

ಇತ್ತು, ಕರಡಿನಲ್ಲಿ ಆ ಮಾತು ಇತ್ತು. ಡಾಕ್ಟರ ಕೈಯೂ ದೇವರ ಕೈಯೇ, ನಾವು ಒಂದು ದಿನವೂ ಔಷಧಿ ತಪ್ಪಿಸಲಿಲ್ಲ ಎಂದು ಅಯ್ಯನವರು ಬರೆದಿದ್ದರು. ಪುಟ ಎರಡು ಸಾಲು ಹೆಚ್ಚಾಗಿತ್ತು. ದಿನಕ್ಕೊಂದೇ ಪುಟ, ಇವತ್ತಿನ ಮಾತು ನಾಳೆಯ ಪುಟಕ್ಕೆ ದಾಟುವಂತಿಲ್ಲ. ಹೊಂದಿಸುವ ಕೆಲಸ ಯಾವತ್ತಿನಂತೆ ಅಮ್ಮನವರದು. ವಾಕ್ಯವನ್ನು ಮುಟ್ಟುವಂತಿರಲಿಲ್ಲ, ಪ್ರಾರ್ಥನೆಯನ್ನು ಮುಟ್ಟುವಂತಿರಲಿಲ್ಲ. ಹುಡುಗ ಓಡಿದ ಸಾಲನ್ನು ಮುಟ್ಟಲು ಮನಸ್ಸು ಬರಲಿಲ್ಲ. ಡಾಕ್ಟರ ಸಾಲುಗಳ ಮೇಲೆ ಕೆಂಪು ಗೀಟು ಎಳೆದರು. ಡಾಕ್ಟರಿಗೆ ಸ್ತೋತ್ರ ಇನ್ನೊಂದು ದಿನ ಬರೆದರಾಯಿತು ಎಂದುಕೊಂಡಿದ್ದರು.

ಅಷ್ಟನ್ನೂ ಅವಳಿಗೆ ಹೇಳಿದರು. ನಾನೇ ಹೊಡೆದುಹಾಕಿದೆ, ಜಾಗ ಇರಲಿಲ್ಲ, ತಪ್ಪು ನಂದು ಎಂದು ಅವಳ ಮೊಣಕೈ ಹಿಡಿದು ಹೇಳಿದರು. ಇಸ್ತ್ರಿಯವಳು ಕೈ ಬಿಡಿಸಿಕೊಂಡಳು.

"ಜಾಗ ಇಲ್ದೆ ಹೋಗಿದ್ದಲ್ಲ. ಸುಳ್ಳಾಗಿತ್ತು, ಅದಕ್ಕೇ ದೇವರು ತೆಗೆಸಿದ. ನೀವು ಒಂದು ಕಾಲು ಇಲ್ಲಿ ಇಟ್ರಿ, ಒಂದು ಕಾಲು ಆಸ್ಪತ್ರೇಲಿ ಇಟ್ರಿ. ಅರ್ಧ ನಂಬಿದ್ರಿ. ಅದಕ್ಕೇ ಹೋದ ನಿಮ್ಮ ಮಗ."

ಮೆತ್ತಗೆ, ಕನಿಕರದಿಂದಲೇ ಹೇಳಿದಳು. ಈ ಮಾತಿಗೆ ಉತ್ತರ ಹೇಳಬೇಕಾದವರು ಅಯ್ಯನವರು. ಹೆಂಡತಿಯ ಮಾತಿಗೆ ಇಲ್ಲದ ಬೆಲೆ ಅವರ ಮಾತಿಗಿತ್ತು. ಎದ್ದು ಆಸ್ಪತ್ರೆಗೆ ಹೋಗಮ್ಮ ಎಂದು ಅವರು ಒಂದು ಸಲ ಅಂದಿದ್ದರೆ ಅವಳು ಹೋಗುತ್ತಿದ್ದಳು. ಅಮ್ಮನವರು ಗಂಡನನ್ನು ನೋಡಿದರು. ಅನ್ರೀ, ಬಾಯಿಬಿಟ್ಟು ಅನ್ರೀ ಎಂದು ಕಣ್ಣಲ್ಲೇ ಬೇಡಿದರು.

"ಪ್ರಾರ್ಥನೆ ಮಾಡೋಣ," ಎಂದರು ಅಯ್ಯನವರು.

ಕಣ್ಣು ಮುಚ್ಚಿದರು. ಇಸ್ತ್ರಿಯವಳೂ ಕೈಜೋಡಿಸಿ, ತಲೆಬಾಗಿಸಿ, ಕಣ್ಣು ಬಿಗಿಯಾಗಿ ಮುಚ್ಚಿದಳು. ಕೋಣೆಯಲ್ಲಿ ಕಣ್ಣು ತೆರೆದಿದ್ದವರು ಇಬ್ಬರೇ, ಅಮ್ಮನವರು ಮತ್ತು ಟೋಪಿಯ ಹುಡುಗಿ. ಒಬ್ಬರನ್ನೊಬ್ಬರು ನೋಡಿಕೊಂಡರು. ಅಯ್ಯನವರ ಪ್ರಾರ್ಥನೆ ಬೇಗ ಮುಗಿಯುವಂಥದ್ದಲ್ಲ. ಆ ವಿಷಯದಲ್ಲಿ ಮಾತ್ರ ಅವರನ್ನು ಕಣ್ಣುಮುಚ್ಚಿ ನಂಬಬಹುದಿತ್ತು. ಅಮ್ಮನವರು ಬಗ್ಗಿ ಹುಡುಗಿಯನ್ನು ಎತ್ತಿಕೊಂಡರು, ಆಸ್ಪತ್ರೆಯ ಚೀಲವನ್ನು ತೋಳಿಗೆ ಹಾಕಿಕೊಂಡರು, ಬರಿಗಾಲಲ್ಲೇ ಹೊರಟರು.

ರಸ್ತೆಯ ತಿರುವಿನವರೆಗೂ ಹುಡುಗಿ ಅವರ ಕತ್ತಿಗೆ ಜೋತುಬಿದ್ದಿತ್ತು. ಎದುರು ಮನೆಯಾಕೆ ಮೆಟ್ಟಿಲು ಒರೆಸುತ್ತಿದ್ದವಳು ಬಟ್ಟೆ ಕೈಯಲ್ಲಿ ಹಿಡಿದೇ ನಿಂತಳು. ಎಷ್ಟು ಹಗುರ ಈ ಮಗು, ಎಂದುಕೊಂಡರು ಅಮ್ಮನವರು. ಈ ಹಗುರ ಅವರ ತೋಳಿಗೆ ಗೊತ್ತಿತ್ತು. ನಿಲ್ದಾಣದಲ್ಲಿ ಬಸ್ಸು ಆಗಲೇ ಬಂದು ನಿಂತಿತ್ತು, ಹಿಂದಿನಿಂದ ಓಡಿಬರುವ ಸದ್ದೂ ಕೇಳಿಸಿತು. ಅಮ್ಮನವರು ಹತ್ತಿ ಕೂತರು. ಅವರ ಬೆನ್ನಿಗೇ ಇಸ್ತ್ರಿಯವಳು ಏದುಸಿರು ಬಿಡುತ್ತ ಹತ್ತಿದಳು.

"ನಿನ್ನ ಮಗನ್ನ ತಿಂದ್ಕೊಂಡೆ. ನನ್ನ ಮಗಳೂ ಬೇಕಾ ನಿಂಗೆ?"

ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವಳು ಮಗುವನ್ನು ಕಿತ್ತುಕೊಳ್ಳಲು ಕೈಚಾಚಿದಳು. ಬಸ್ಸು ಹೊರಟ ರಭಸಕ್ಕೆ ಹಿಂದಿನ ಸೀಟಿಗೆ ಕುಸಿದಳು. ಮತ್ತೆ ಏಳಲಿಲ್ಲ. ಇಳಿಸು ಎಂದು ಕೂಗಲೂ ಇಲ್ಲ. ಕಂಡಕ್ಟರು ಬಂದು ಎಲ್ಲಿಗೆ ಎಂದಾಗ ಅಮ್ಮನವರು ದೊಡ್ಡಾಸ್ಪತ್ರೆ ಎಂದರು. ಆ ಹೆಸರನ್ನು ಇನ್ನು ಈ ಜನ್ಮದಲ್ಲಿ ಬಾಯಲ್ಲಿ ಆಡುವುದಿಲ್ಲ ಎಂದುಕೊಂಡಿದ್ದರು.

ಸ್ವಲ್ಪ ಹೊತ್ತಿಗೆ ಬೆನ್ನ ಹಿಂದೆ ಪುಟ ಬಿಡಿಸಿದ ಸದ್ದಾಯಿತು. ಇಸ್ತ್ರಿಯವಳು ಇವತ್ತಿನ ಧ್ಯಾನವನ್ನು ಗಟ್ಟಿಯಾಗಿ ಓದತೊಡಗಿದಳು. ಅಮ್ಮನವರ ಕತ್ತಿಗೆ ಅವಳ ಉಸಿರು ತಾಗುತ್ತಿತ್ತು. ಪದ ಪದವೂ ಅವರಿಗೆ ಬಾಯಿಪಾಠ. ಕಿವಿ ಮುಚ್ಚಿಕೊಳ್ಳೋಣವೆಂದರೆ ಎರಡೂ ಕೈಯಲ್ಲಿ ಮಗು.

ಹುಡುಗಿ ಟೋಪಿಯನ್ನು ಹಿಂದಕ್ಕೆ ಸರಿಸಿ ಅವರ ಮುಖ ನೋಡಿತು.

"ಇವತ್ತೂ ಚುಚ್ತಾರಾ?"

"ಹೂಂ. ಚುಚ್ತಾರೆ."

"ನೋವಾಗುತ್ತಾ?"

"ಆಗುತ್ತೆ, ಕಂದ."

"ಆಮೇಲೆ ವಾಸಿ ಆಗುತ್ತಾ?"

ಹಿಂದಿನ ಸೀಟಿನ ಓದು ಒಂದು ಕ್ಷಣ ನಿಂತಿತು.

"ಗೊತ್ತಿಲ್ಲ," ಎಂದರು ಅಮ್ಮನವರು.

ಹುಡುಗಿ ಅದನ್ನು ಯೋಚಿಸುವ ಹಾಗೆ ಕಿಟಕಿಯಾಚೆ ನೋಡಿತು. ಆಮೇಲೆ ಅಂಗಿಯ ತೋಳನ್ನು ತಾನೇ ಮೇಲಕ್ಕೆ ಮಡಚಿಕೊಂಡು, ಚುಚ್ಚಿ ಚುಚ್ಚಿ ಕಪ್ಪುಗಟ್ಟಿದ ಕೈಯನ್ನು ಅವರ ಮಡಿಲಲ್ಲಿ ಇಟ್ಟುಕೊಂಡು ಕೂತಿತು. ಹಿಂದೆ ತಾಯಿ ಮತ್ತೆ ಮೊದಲಿನಿಂದ ಓದಲು ಶುರುಮಾಡಿದಳು.