ಒಂದು ಬೊಗಸೆ, ಒಂದು ಚಿಟಿಕೆ

"ಬಿಡೋ, ತಲೆ ಕಡೆ ನಾನು ಹಿಡೀತೀನಿ. ನನ್ನ ಹೆಂಡ್ತಿ ಕಣೋ ಅವಳು!" ಎಂದು ಅಪ್ಪ ಗದರಿದಾಗ ಚಟ್ಟ ಹೊಸ್ತಿಲ ಮೇಲಿತ್ತು.

ಚಿಕ್ಕಪ್ಪ ಬಿಡಲಿಲ್ಲ. "ನನಗೂ ಅತ್ತಿಗೆ ಅಲ್ವಾ ಅಣ್ಣ? ನಲವತ್ತು ವರ್ಷ ನನ್ನ ಹೊಲ ನೋಡ್ಕೊಂಡಿದ್ದು ಯಾರು?"

ಇಬ್ಬರ ಎಳೆದಾಟದಲ್ಲಿ ಚಟ್ಟದ ಬಿದಿರು ಬಾಗಿಲ ಚೌಕಟ್ಟಿಗೆ ಬಡಿಯಿತು. ಒಳಗಿನಿಂದ ಮಗಳು ಬಂದು, "ಇಬ್ಬರೂ ಕೈ ತೆಗೀರಿ. ಅಮ್ಮನನ್ನ ಬೀಳಿಸ್ತೀರಿ" ಎಂದಳು. ಅಕ್ಕಪಕ್ಕದವರು ಹೆಗಲು ಕೊಟ್ಟರು. ಅಣ್ಣತಮ್ಮಂದಿರು ಬೀದಿಯ ಎರಡು ಬದಿಗೆ ಸರಿದು, ಒಬ್ಬರ ಮುಖ ಒಬ್ಬರು ನೋಡದೆ ಹಿಂದೆ ನಡೆದರು.

ಊರು ಇಬ್ಬರಿಗೂ ಹೆಸರಿಟ್ಟಿತ್ತು. ಅಪ್ಪ ತಿಪ್ಪೆ ಯಜಮಾನ. ಸಗಣಿ, ತರಗು, ಬೂದಿ ಕೊಳೆಸಿದ ಗೊಬ್ಬರ ಬಿಟ್ಟು ಬೇರೇನನ್ನೂ ಹೊಲಕ್ಕೆ ಬಿಟ್ಟುಕೊಳ್ಳದವನು. ಚಿಕ್ಕಪ್ಪ ಮೂಟೆ ಮಾಸ್ತರ. ಶಾಲೆಯಲ್ಲಿ ಪಾಠ ಹೇಳಿ ನಿವೃತ್ತನಾದವನು, ಅಂಗಡಿಯಿಂದ ಬಂದ ಗೊಬ್ಬರದ ಮೂಟೆಯ ಮೇಲೆ ಅಚ್ಚಾದದ್ದೇ ಸತ್ಯ ಎನ್ನುವವನು. ಎರಡು ಹೊಲದ ನಡುವೆ ಒಂದೇ ಬದು, ಎರಡರಲ್ಲೂ ಬೀನ್ಸ್. ಟೀ ಅಂಗಡಿಯಲ್ಲಿ ಕೂತರೆ ಇಬ್ಬರ ಮೊಲಕ್ಕೂ ಮೂರೇ ಕಾಲು. ಅವರು ಅಲ್ಲಿ ವಾದಿಸುತ್ತಿದ್ದಾಗ ಇಲ್ಲಿ ಎರಡೂ ಹೊಲದ ಕಳೆ ಕೀಳುತ್ತಿದ್ದವಳು ಈಗ ಚಟ್ಟದ ಮೇಲಿದ್ದಳು.

*

ಮಗಳಿಗೆ ಹತ್ತು ವರ್ಷವಿದ್ದಾಗಿನ ಮಾತು. ಮಟಮಟ ಮಧ್ಯಾಹ್ನ ಅಮ್ಮ ಚಿಕ್ಕಪ್ಪನ ಕೊಟ್ಟಿಗೆಯಿಂದ ಬೋಗುಣಿ ತುಂಬ ಬಿಳಿಯ ಕಾಳುಗೊಬ್ಬರ ತಂದು ಅಪ್ಪನ ಹೊಲಕ್ಕಿಳಿದಿದ್ದಳು.

"ಅಮ್ಮಾ, ಅದು ಚಿಕ್ಕಪ್ಪಂದು ಅಲ್ವಾ?"

"ಯಾರದು ಅಂತ ಬೀನ್ಸ್ ಗಿಡ ಕೇಳುತ್ತಾ?"

ಹೂ ಬಿಡುವ ಮುಂಚೆ, ಬುಡದಿಂದ ನಾಲ್ಕು ಬೆರಳು ದೂರದಲ್ಲಿ, ಒಂದು ಚಿಟಿಕೆ ಕಾಳು, ಮೇಲೆ ಮಣ್ಣು. ಮಾಸ್ತರ ತನ್ನ ಹೊಲಕ್ಕೆ ಹಾಕಿ ಎಂದು ಅಳೆದುಕೊಟ್ಟದ್ದರಲ್ಲಿ ಉಳಿಸಿದ ಅರ್ಧ ಅದು. ಅವನ ಹೊಲದಲ್ಲಿ ಬೀಜ ಊರುವ ಮುಂಚೆಯೇ ಗುಣಿಗೊಂದು ಬೊಗಸೆಯಂತೆ ಅಪ್ಪನ ತಿಪ್ಪೆಗೊಬ್ಬರ ಸೇರಿಯಾಗಿತ್ತು.

"ತಿಪ್ಪೆಗೊಬ್ಬರ ಊಟ ಇದ್ದ ಹಾಗೆ, ಇದು ಉಪ್ಪು ಇದ್ದ ಹಾಗೆ" ಎಂದಳು ಅಮ್ಮ. "ಬರೀ ಊಟ ಸಪ್ಪೆ. ಬರೀ ಉಪ್ಪು ಯಾರಾದ್ರೂ ತಿಂತಾರಾ?"

"ಅವರಿಗೆ ಹೇಳಬಾರದಾ?"

"ಹೇಳಿದ್ದೆ, ಮದುವೆಯಾದ ಹೊಸದರಲ್ಲಿ. ನಿಮ್ಮಪ್ಪ ಎರಡು ದಿನ ಊಟ ಬಿಟ್ಟರು. ನಿಮ್ಮ ಚಿಕ್ಕಪ್ಪ, 'ಅತ್ತಿಗೆ, ನೀವು ಎಷ್ಟನೇ ಕ್ಲಾಸು ಓದಿದ್ದು?' ಅಂದರು." ಅಮ್ಮ ಸೆರಗಿನಿಂದ ಬೆವರು ಒರೆಸಿಕೊಂಡಳು. "ಗಿಡಕ್ಕೆ ಹೇಳೋದೇ ಸುಲಭ ಕಣೆ. ಅದಕ್ಕೆ ಮೀಸೆ ಇಲ್ಲ."

*

ಮಣ್ಣು ಮಾಡಿ ಬಂದವರು ಅಂಗಳದಲ್ಲಿ ಕೂತರು. ಮಗಳು ಟೀ ತಂದು ಕೊಡುತ್ತಿದ್ದಳು. ತರಕಾರಿ ಮಂಡಿಯವನು ಲೋಟ ತೆಗೆದುಕೊಳ್ಳುತ್ತ, "ನಿಮ್ಮಿಬ್ಬರ ಬೀನ್ಸ್‌ನಲ್ಲಿ ಯಾವುದು ಯಾರದು ಅಂತ ನನಗೆ ಒಂದು ದಿನವೂ ಗೊತ್ತಾಗಲಿಲ್ಲ. ಎರಡೂ ಟಕ್ ಅಂತ ಮುರಿಯೋವು" ಎಂದ.

"ತಿಪ್ಪೆಯ ಮಹಿಮೆ" ಎಂದ ಅಪ್ಪ.

"ತಿಪ್ಪೆ ಸಾರಿಸಬೇಡ ಅಣ್ಣ. ವಿಜ್ಞಾನ ಅದು" ಎಂದ ಚಿಕ್ಕಪ್ಪ.

ಅಮ್ಮನನ್ನೇ ಮಣ್ಣು ಮಾಡಿ ಬಂದರೂ ಇವರ ಬಾಯಿಗೆ ಮಾತ್ರ ಮಣ್ಣು ಬೀಳುವುದಿಲ್ಲ ಎಂದುಕೊಂಡಳು ಮಗಳು.

"ಮತ್ತೆ ಈ ಸಲ ಏನಾಯ್ತು?" ಮಂಡಿಯವನು ಮುಗ್ಧವಾಗಿಯೇ ಕೇಳಿದ. "ಯಜಮಾನರ ಗಿಡ ಹಳದಿ ತಿರುಗಿ ಕೂತಿದೆ. ಮಾಸ್ತರದ್ದು ಮೊಣಕಾಲುದ್ದ ಸೊಪ್ಪು, ಕಾಯಿ ಮಾತ್ರ ಇಲ್ಲ."

"ಬೀಜ ಸರಿ ಇರಲಿಲ್ಲ" ಎಂದ ಅಪ್ಪ. "ಗಾಳಿ ಕೆಟ್ಟಿದೆ" ಎಂದ ಚಿಕ್ಕಪ್ಪ.

ಮಗಳು ತಟ್ಟೆಯನ್ನು ಬೆಂಚಿನ ಮೇಲೆ ಕುಕ್ಕಿದಳು. "ಬೀಜನೂ ಅಲ್ಲ, ಗಾಳಿನೂ ಅಲ್ಲ. ಅಮ್ಮ ಹಾಸಿಗೆ ಹಿಡಿದು ನಾಲ್ಕು ತಿಂಗಳಾಯ್ತು." ಒಂದೂ ಬಿಡದೆ ಹೇಳಿದಳು: ಅರ್ಧ ಮೂಟೆ ಈ ಹೊಲಕ್ಕೆ, ಅರ್ಧ ತಿಪ್ಪೆ ಆ ಹೊಲಕ್ಕೆ, ನಲವತ್ತು ವರ್ಷ, ಮಧ್ಯಾಹ್ನ ಮಧ್ಯಾಹ್ನ.

ಅಪ್ಪ ನಕ್ಕುಬಿಟ್ಟ. "ನಿಮ್ಮಮ್ಮನಾ? ಅವಳಿಗೇನು ತಿಳೀತಿತ್ತು ಪಾಪ!"

"ಮೂಟೆ ಮೇಲಿನ ಅಕ್ಷರ ಓದೋಕೆ ಬರ್ತಿರಲಿಲ್ಲ ಅತ್ತಿಗೆಗೆ" ಎಂದ ಚಿಕ್ಕಪ್ಪ.

"ಸರಿಯಾಗಿ ಹೇಳಿದೆ ನೋಡು ತಮ್ಮಾ."

ಹುಟ್ಟಿದಾಗಿನಿಂದ ಮಗಳು ಅಪ್ಪನ ಬಾಯಲ್ಲಿ ಆ ಮಾತು ಕೇಳಿರಲಿಲ್ಲ. ಚಿಕ್ಕಪ್ಪ ಎದ್ದು ಬಂದು ಅಪ್ಪನ ಬೆಂಚಿನಲ್ಲೇ ಕೂತ. "ದುಃಖದಲ್ಲಿದ್ದಾಳೆ ಮಗು, ಏನೋ ಮಾತಾಡ್ತಾಳೆ. ಟೀ ಕುಡಿ ಅಣ್ಣ, ಆರಿಹೋಗುತ್ತೆ."

"ಒಂದಾದ್ರಲ್ಲ ಇಬ್ಬರೂ" ಎಂದಳು ಮಗಳು. "ಅಮ್ಮನನ್ನ ದಡ್ಡಿ ಮಾಡೋದಕ್ಕಾದ್ರೂ ಒಂದಾದ್ರಿ. ಸಂತೋಷ."

ಅಡುಗೆಮನೆಯಲ್ಲಿ ಹೆಂಗಸರು ಲೋಟ ತೊಳೆಯುತ್ತಿದ್ದರು. ಬಟ್ಟೆ ಹೊಲಿಯುವ ಪಕ್ಕದ ಮನೆಯಾಕೆ ಅವಳ ಕೈಯಿಂದ ತಟ್ಟೆ ತೆಗೆದುಕೊಂಡು, "ಗುಣಿಗೆ ಒಂದು ಬೊಗಸೆ, ಹೂವಿಗೆ ಮುಂಚೆ ಒಂದು ಚಿಟಿಕೆ. ಬುಡಕ್ಕೆ ತಾಗಬಾರದು. ಅಲ್ವಾ?" ಎಂದಳು.

"ನಿಮಗೆ ಹೇಗೆ ಗೊತ್ತು?"

"ಈ ಬೀದಿಯಲ್ಲಿ ಯಾರಿಗೆ ಗೊತ್ತಿಲ್ಲ? ನಮ್ಮ ಹಿತ್ತಲಿಗೆಲ್ಲ ನಿಮ್ಮಮ್ಮನೇ ಬಂದು ತೋರಿಸಿಕೊಟ್ಟಿದ್ದು." ಆಕೆ ಅಂಗಳದತ್ತ ಮೂತಿ ತಿರುವಿದಳು. "ಗೊತ್ತಿಲ್ಲದೋರು ಆ ಇಬ್ಬರೇ."

ಬೆಳಗಿನಿಂದ ಬಿಗಿಹಿಡಿದಿದ್ದು ಅಲ್ಲಿ ಒಡೆಯಿತು. ಮಗಳು ಆಕೆಯ ಹೆಗಲ ಮೇಲೆ ತಲೆಯಿಟ್ಟು ನಕ್ಕಳೋ ಅತ್ತಳೋ, ಉಳಿದ ಹೆಂಗಸರೂ ಹಾಗೆಯೇ.

ಬಂದವರೆಲ್ಲ ಹೊರಟಾಗ ಸಂಜೆಯ ಬಿಸಿಲು ಇನ್ನೂ ಇತ್ತು. ಮಗಳು ಹಿಂಬಾಗಿಲಲ್ಲಿ ಪಾತ್ರೆಯ ನೀರು ಚೆಲ್ಲುವಾಗ ಹೊಲದಲ್ಲಿ ಯಾರೋ ಓಡಾಡಿದಂತಾಗಿ ತಲೆಯೆತ್ತಿದಳು.

ಚಿಕ್ಕಪ್ಪನ ಕೊಟ್ಟಿಗೆಯಿಂದ ಅಪ್ಪ ಬರುತ್ತಿದ್ದ. ಹೆಗಲ ಟವೆಲಿನ ಕೆಳಗೆ ಏನೋ ಉಬ್ಬಿಕೊಂಡಿತ್ತು. ಅಪ್ಪನ ತಿಪ್ಪೆಗುಂಡಿಯ ಕಡೆಯಿಂದ ಚಿಕ್ಕಪ್ಪ ಬರುತ್ತಿದ್ದ. ಪ್ಯಾಂಟು ಮೊಣಕಾಲಿಗೆ ಮಡಚಿ, ತಲೆಯ ಮೇಲೆ ಮಂಕರಿ ಹೊತ್ತು, ಒಂದು ಕೈಯಲ್ಲಿ ಮೂಗು ಹಿಡಿದುಕೊಂಡಿದ್ದ. ಬದುವಿನ ನಟ್ಟನಡುವೆ ಇಬ್ಬರೂ ಎದುರಾದರು. ನಿಂತರು.

"ಮೋಡ ಆಗೋ ಹಾಗಿದೆ" ಎಂದ ಅಪ್ಪ, ಮೇಲೆ ನೋಡುತ್ತ.

"ಹೌದಣ್ಣ, ಆಗೋ ಹಾಗಿದೆ" ಎಂದ ಚಿಕ್ಕಪ್ಪ, ಅವನೂ ಮೇಲೆ ನೋಡುತ್ತ.

ಆಕಾಶದಲ್ಲಿ ಒಂದು ಚೂರು ಮೋಡವಿರಲಿಲ್ಲ. ಇಬ್ಬರೂ ಅಡ್ಡ ತಿರುಗಿ, ಹೊಟ್ಟೆ ಒಳಗೆಳೆದುಕೊಂಡು, ಒಬ್ಬರನ್ನೊಬ್ಬರು ಮುಟ್ಟದಂತೆ ದಾಟಿಕೊಂಡರು. ಅಪ್ಪ ತನ್ನ ಹೊಲಕ್ಕಿಳಿದು, ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿ, ಟವೆಲು ಸರಿಸಿ, ಹಳದಿ ತಿರುಗಿದ ಮೊದಲ ಗಿಡದ ಬುಡಕ್ಕೆ ಬಿಳಿ ಕಾಳಿನ ಇಡೀ ಬೋಗುಣಿಯನ್ನು ಬೋರಲು ಹಾಕಿದ.