ಮೂರನೇ ಸಲದ ಒಪ್ಪಿಗೆ

ಗುರುರಾಜರು 2016ರ ಅಮೆರಿಕದ ಚುನಾವಣೆಯನ್ನು ಸ್ವಂತ ಮನೆಯ ಮದುವೆಯಂತೆ ಮೈಮೇಲೆ ಹಾಕಿಕೊಂಡಿದ್ದರು. ಅವರಿಗೆ ಅಲ್ಲಿ ಓಟಿರಲಿಲ್ಲ, ನೆಂಟರಿರಲಿಲ್ಲ, ಆ ದೇಶವನ್ನು ಕಣ್ಣಾರೆ ಕಂಡವರೂ ಅಲ್ಲ. ಮನೆ ನ್ಯೂಜಿಲೆಂಡಿನಲ್ಲಿ, ಆಕ್ಲೆಂಡಿನ ಪಾಪಟೋಟೊಯಿ ಬಡಾವಣೆಯಲ್ಲಿ. ಕೆಲಸ ಈಸ್ಟ್ ತಮಾಕಿಯ ಒಂದು ಕಾರ್ಖಾನೆಯಲ್ಲಿ, ಮಾಂಸ ಕೆಡದಂತೆ ಇಡುವ ದೊಡ್ಡ ಫ್ರೀಜರುಗಳ ಎಂಜಿನಿಯರಾಗಿ. ಮೈಸೂರಿನ ಶುದ್ಧ ಸಸ್ಯಾಹಾರಿಗೆ ಇಂಥ ಉದ್ಯೋಗ ಒದಗಿದ್ದರ ಬಗ್ಗೆ ಅವರು ತಾವೇ ಜೋಕು ಮಾಡಿಕೊಳ್ಳುತ್ತಿದ್ದರು, ಬೇರೆಯವರು ಮಾಡುವ ಮೊದಲು.

ಚುನಾವಣೆಯ ಹುಚ್ಚಿಗೆ ಕಾರಣ ಮಗಳು ನಿಧಿ. ಅವಳು ಅಮೆರಿಕದ ಪೂರ್ವ ತೀರದ ಒಂದು ಹಳೆಯ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕುವವಳಿದ್ದಳು. ನೂರು ಜನ ಬಾಗಿಲು ತಟ್ಟಿದರೆ ಐದಾರು ಜನರನ್ನು ಒಳಗೆ ಕರೆದು, ಉಳಿದವರನ್ನು ಬಹಳ ಸೌಜನ್ಯದಿಂದ ವಾಪಸು ಕಳಿಸುವ ಜಾಗ ಅದು. ಮಗಳು ಆ ಐದಾರು ಜನರಲ್ಲಿ ಒಬ್ಬಳಾಗಬೇಕು. ಗುರುರಾಜರಿಗೆ ಇದರ ಮುಂದೆ ಬೇರೆ ಯಾವ ಆಸೆಯೂ ಇರಲಿಲ್ಲ.

"ಇಲ್ಲೇ ಟ್ರೇನ್ ಹತ್ತಿದ್ರೆ ಯೂನಿವರ್ಸಿಟಿ ಬಾಗಿಲಿಗೆ ಬಿಡತ್ತೆ," ಎನ್ನುತ್ತಿದ್ದರು ಹೆಂಡತಿ ಕಾತ್ಯಾಯಿನಿ. "ಸಂಜೆ ಮನೇಗ್ ಬಂದು ಬಿಸಿ ಬಿಸಿ ಊಟ ಮಾಡ್ಬಹುದು."

"ಊಟಕ್ಕೋಸ್ಕರ ಓದೋದಾ ಕಾತ್ಯಾ?"

"ಮತ್ತೆ ಇನ್ಯಾತಕ್ಕೆ?"

ಪಾಪಟೋಟೊಯಿಯ ಮುಖ್ಯ ಬೀದಿಯಲ್ಲಿ, ಸಿಹಿತಿಂಡಿ ಅಂಗಡಿಯ ಮೇಲಿನ ಮಹಡಿಯಲ್ಲಿ, ಉದಯಶಂಕರ್ ಎಂಬ ಸಲಹೆಗಾರರು ಕೂರುತ್ತಿದ್ದರು. ಅಮೆರಿಕದ ಕಾಲೇಜುಗಳಿಗೆ ಮಕ್ಕಳನ್ನು ಸಿದ್ಧಮಾಡುವುದು ಅವರ ವೃತ್ತಿ. ಮೆಟ್ಟಿಲು ಹತ್ತುವಾಗ ತುಪ್ಪದ ವಾಸನೆ, ಹತ್ತಿದ ಮೇಲೆ ಅವರ ಮಾತು. ಎರಡೂ ಒಂದೇ ಹದದಲ್ಲಿ ಕರಗುತ್ತಿದ್ದವು.

"ನಮ್ ಕಾಲ್ದಲ್ಲಿ ರ‍್ಯಾಂಕ್ ಕೇಳೋರು ಸಾರ್," ಎಂದರು ಉದಯಶಂಕರ್. "ಇವ್ರು ಕತೆ ಕೇಳ್ತಾರೆ. ಅವ್ರ ಪ್ರೆಸಿಡೆಂಟ್ ಎಲೆಕ್ಷನ್ ನೋಡ್ತಿದೀರಲ್ಲ, ಅದೇ ಸಿಸ್ಟಮ್ಮು. ಯಾರಿಗೆ ಕೆಲಸ ಬರತ್ತೆ ಅಂತ ಯಾರ್ ಕೇಳ್ತಾರೆ ಅಲ್ಲಿ? ಎಲ್ಲಿಂದ ಬಂದೆ, ಯಾರ್ನ ಎದುರು ಹಾಕ್ಕೊಂಡೆ, ಅದು ಮುಖ್ಯ. ನಿಧಿಗೆ ಮಾರ್ಕ್ಸ್ ಇದೆ. ಎಲ್ರಿಗೂ ಇದೆ."

"ಕನ್ನಡ ಬಳಗದ ಯುವ ಘಟಕಕ್ಕೆ ಅಧ್ಯಕ್ಷೆ ಮಾಡಿದೀನಲ್ಲ?" ಬಳಗದ ಅಧ್ಯಕ್ಷರು ಸ್ವತಃ ಗುರುರಾಜರೇ; ಆದ್ದರಿಂದ ಆ ಕ್ರಿಯಾಪದದಲ್ಲಿ ಉತ್ಪ್ರೇಕ್ಷೆಯೇನೂ ಇರಲಿಲ್ಲ.

"ಪದವಿ ಇದ್ರೆ ಸಾಲ್ದು ಸಾರ್. ಏನ್ ಬದಲಾಯಿಸಿದ್ಳು? ಯಾರ ವಿರುದ್ಧ ನಿಂತ್ಲು?"

"ಇಲ್ಲಿ ಯಾರಿದಾರೆ ವಿರುದ್ಧ ನಿಲ್ಲೋಕೆ? ಎಲ್ಲಾ ಒಳ್ಳೆ ಜನ."

ನಿಧಿ ಅಷ್ಟು ಹೊತ್ತೂ ಕಿಟಕಿಯಾಚೆ ನೋಡುತ್ತಿದ್ದವಳು ಈಗ ಅಪ್ಪನ ಕಡೆ ತಿರುಗಿದಳು. ಅಂಗಿಯ ಅಳತೆ ತೆಗೆಯುವ ದರ್ಜಿ ನೋಡುವ ಹಾಗೆ, ಭುಜದಿಂದ ಭುಜಕ್ಕೆ.

"ಅದನ್ನ ನಿಧಿಗೇ ಬಿಡಿ ಸಾರ್," ಎಂದರು ಉದಯಶಂಕರ್.

ಕನ್ನಡ ಬಳಗದಲ್ಲಿ ಅಂದಿನವರೆಗೆ ಚುನಾವಣೆ ಎಂಬುದು ನಡೆದಿರಲಿಲ್ಲ. ಪ್ರತಿ ನವೆಂಬರಿನಲ್ಲಿ ರಾಜ್ಯೋತ್ಸವದ ಊಟಕ್ಕೆ ಮುಂಚೆ ಸಭೆ. ಯಾರಾದರೊಬ್ಬರು ಎದ್ದು ಗುರುರಾಜರ ಹೆಸರು ಹೇಳುತ್ತಾರೆ. ಗುರುರಾಜರು ಕೈಮುಗಿದು, ಬೇಡ, ಹೊಸಬರು ಬರಲಿ ಎನ್ನುತ್ತಾರೆ. ಸಭೆ ಒತ್ತಾಯಿಸುತ್ತದೆ. ಅವರು ಇನ್ನೊಮ್ಮೆ, ಈ ಸಲ ಕೊಂಚ ನೊಂದ ದನಿಯಲ್ಲಿ, ಬೇಡವೆನ್ನುತ್ತಾರೆ. ಸಭೆ ಮತ್ತೂ ಒತ್ತಾಯಿಸುತ್ತದೆ. ಮೂರನೇ ಸಲಕ್ಕೆ ಅವರು ತಲೆ ತಗ್ಗಿಸಿ, ನಿಮ್ಮ ಪ್ರೀತಿಯ ಮುಂದೆ ನಾನೇನು ಹೇಳಲಿ ಎನ್ನುತ್ತಾರೆ. ಚಪ್ಪಾಳೆ, ಆಮೇಲೆ ಬಿಸಿಬೇಳೆಬಾತ್. ಮೊದಲ ಸಲಕ್ಕೇ ಹೂಂ ಅನ್ನುವುದು ಬಡಿಸುವ ಮೊದಲೇ ಎಲೆಗೆ ಕೈಹಾಕಿದಷ್ಟು ಅಸಹ್ಯ. ಇದನ್ನು ಯಾರೂ ಎಲ್ಲೂ ಹೇಳಿಕೊಟ್ಟಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಅಕ್ಟೋಬರಿನಲ್ಲಿ ನಿಧಿ ಹೊಸ ನಿಯಮಾವಳಿ ತಂದಳು. ಗುಪ್ತ ಮತದಾನ, ಯುವ ಘಟಕದವರಿಗೂ ಓಟು, ಯುವ ಅಧ್ಯಕ್ಷೆಯೇ ಚುನಾವಣಾಧಿಕಾರಿ. ಅಭ್ಯರ್ಥಿಗೆ ಒಪ್ಪಿಗೆ ಇದೆಯೇ ಎಂದು ಮೈಕಿನಲ್ಲಿ ಒಂದು ಸಲ ಕೇಳಬೇಕು, ಕೊಟ್ಟ ಉತ್ತರವೇ ಅಂತಿಮ. ಊಟದ ಮೇಜಿನಲ್ಲಿ ಅದಷ್ಟನ್ನೂ ಓದಿ ಹೇಳಿದಳು. ಗುರುರಾಜರ ಒಂದು ಕಿವಿ ಟಿವಿಯ ಅಮೆರಿಕನ್ ಚರ್ಚೆಯಲ್ಲಿತ್ತು.

"ಬಹಳ ಚೆನ್ನಾಗಿದೆ ಪುಟ್ಟಿ. ಡೆಮಾಕ್ರಸಿ ಅಂದ್ರೆ ಇದು. ಉದಯಶಂಕರ್ ಖುಷಿಯಾಗ್ತಾರೆ."

"ನಿಂಗೆ ಓಕೆ ತಾನೇ ಅಪ್ಪಾ? ಆಮೇಲೆ ನಾನು ಹೇಳ್ಲಿಲ್ಲ ಅನ್ಬಾರ್ದು."

"ಓಟು ಹಾಕಿದ್ರೂ ನಾನೇ ಗೆಲ್ಲೋದು ಬಿಡು," ಎಂದು ಅವರು ನಕ್ಕರು. ನಿಧಿ ನಗಲಿಲ್ಲ, ಸಾರು ಬಡಿಸಿಕೊಂಡಳು.

ನವೆಂಬರಿನ ಆ ಬುಧವಾರ ಮಧ್ಯಾಹ್ನ ಅಮೆರಿಕದ ಫಲಿತಾಂಶ ಬರತೊಡಗಿತು. ಗುರುರಾಜರು ಕಾರ್ಖಾನೆಯ ಟೀ ಕೋಣೆಯಲ್ಲಿ ನಿಂತಿದ್ದರು. ಟಿವಿಯ ಭೂಪಟದಲ್ಲಿ ರಾಜ್ಯಗಳು ಒಂದೊಂದಾಗಿ ಕೆಂಪಾಗುತ್ತಿದ್ದವು. ನ್ಯೂಜಿಲೆಂಡಿನ ಸಹೋದ್ಯೋಗಿಗಳು ಕ್ರಿಕೆಟ್ ಸ್ಕೋರ್ ನೋಡುವವರಂತೆ ಬಿಸ್ಕತ್ತು ಅದ್ದಿಕೊಂಡು ತಿನ್ನುತ್ತಿದ್ದರು. ಸಂಜೆಯ ಹೊತ್ತಿಗೆ, ಗೆಲ್ಲುತ್ತಾರೆಂದು ಯಾರೂ ಎಣಿಸದವರೇ ಗೆದ್ದಿದ್ದರು.

"ಅಷ್ಟೊಂದು ಸಮೀಕ್ಷೆ, ಅಷ್ಟೊಂದು ಪ್ರೊಫೆಸರುಗಳು," ಎಂದು ಅವರು ಮನೆಯಲ್ಲಿ ಶೂ ಬಿಚ್ಚದೆ ಕೂತರು. "ಒಬ್ರಿಗೂ ಗೊತ್ತಾಗ್ಲಿಲ್ವಾ?"

"ಗೆಲ್ತೀವಿ ಅಂತ ಗ್ಯಾರಂಟಿ ಇರೋರು ಸರಿಯಾಗಿ ಕೇಳಿಸ್ಕೊಳ್ಳಲ್ಲ ಅಪ್ಪಾ," ಎಂದಳು ನಿಧಿ. ಪರೀಕ್ಷೆಗೆ ಓದುತ್ತಿದ್ದವಳು ಪುಸ್ತಕದಿಂದ ತಲೆ ಎತ್ತಿರಲಿಲ್ಲ.

ಅದೇ ಶನಿವಾರ ಬಳಗದ ಸಭೆ. ಸಮುದಾಯ ಭವನದ ಹಿಂದಿನ ಸಾಲುಗಳಲ್ಲಿ ಯುವ ಘಟಕದ ಹುಡುಗ ಹುಡುಗಿಯರು ತುಂಬಿದ್ದರು. ಪ್ರತಿ ವರ್ಷ ಹೊರಗೆ ಕಾರುಗಳಲ್ಲಿ ಕೂತು ಫೋನ್ ನೋಡುತ್ತಿದ್ದ ಮಕ್ಕಳೆಲ್ಲ ಒಳಗೆ ಬಂದಿದ್ದನ್ನು ಕಂಡು ಗುರುರಾಜರಿಗೆ ಎದೆ ತುಂಬಿತು. ಮೈಕಿನ ಹಿಂದೆ ನಿಧಿ, ಅಮ್ಮನ ಮೈಸೂರು ಸಿಲ್ಕಿನಲ್ಲಿ.

ಹುಬ್ಬಳ್ಳಿಯ ವೆಂಕಟೇಶ್, ಬಳಗದ ಉಪಾಧ್ಯಕ್ಷರು, ರೂಢಿಯಂತೆ ಎದ್ದರು. "ನಮ್ಮ ಗುರುರಾಜ್ ಸರೇ ಮತ್ತ ಅಧ್ಯಕ್ಷರಾಗಬೇಕ್ರೀ. ಬ್ಯಾರೆ ಮಾತ ಇಲ್ಲ."

ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ವಸುಂಧರಾ ಎಂಬ ಹೆಸರು ಹೇಳಿದಳು. ಜನ ಕತ್ತು ತಿರುಗಿಸಿದರು. ವಿಮಾನ ನಿಲ್ದಾಣದಲ್ಲಿ ಸರಕು ವಿಭಾಗದ ಮೇಲ್ವಿಚಾರಕಿ ವಸುಂಧರಾ, ಸಭೆಗಳಲ್ಲಿ ಬಾಗಿಲ ಬಳಿ ಕೂತು ಬೇಗ ಹೊರಡುವ ಹೆಂಗಸು.

"ಗುರುರಾಜ್ ಅವರೇ," ಎಂದಳು ನಿಧಿ ಮೈಕಿನಲ್ಲಿ, "ನಿಮಗೆ ಒಪ್ಪಿಗೆ ಇದೆಯಾ?"

ಮಗಳ ಬಾಯಲ್ಲಿ ತಮ್ಮ ಹೆಸರು ಅವರಿಗೆ ತಮಾಷೆಯಾಗಿ ಕೇಳಿಸಿತು. ಎದ್ದು ಕೈಮುಗಿದರು. "ಬೇಡಪ್ಪಾ ಬೇಡ. ನಾಲ್ಕು ವರ್ಷ ಮಾಡಿದೀನಿ. ಹೊಸಬರು ಬರ್ಲಿ. ನನ್ನನ್ನ ಬಿಟ್ಬಿಡಿ."

"ಏ, ಹಂಗ ಅನಬ್ಯಾಡ್ರೀ ಸರ..." ವೆಂಕಟೇಶ್ ಆಗಲೇ ಅರ್ಧ ಎದ್ದಿದ್ದರು.

"ಅಂಕಲ್, ದಯವಿಟ್ಟು ಕೂತ್ಕೊಳ್ಳಿ," ಎಂದಳು ನಿಧಿ. ದನಿ ಮೆತ್ತಗಿತ್ತು. "ಗುರುರಾಜ್ ಅವರಿಗೆ ಒಪ್ಪಿಗೆ ಇಲ್ಲ. ಅವರ ನಾಲ್ಕು ವರ್ಷದ ಸೇವೆಗೆ ಧನ್ಯವಾದ. ವಸುಂಧರಾ ಅವರೇ, ನಿಮಗೆ?"

"ಇದೆ," ಎಂದರು ವಸುಂಧರಾ. ಒಂದೇ ಮಾತು.

ಗುರುರಾಜರು ಇನ್ನೂ ಕೈಮುಗಿದುಕೊಂಡೇ ನಿಂತಿದ್ದರು. ಹಿಂದಿನ ಸಾಲುಗಳಿಂದ ಚಪ್ಪಾಳೆ ಎದ್ದಿತು. ಮುಂದಿನವರಿಗೆ ಯಾವುದಕ್ಕೆಂದು ಅರ್ಥವಾಗದಿದ್ದರೂ ಅಭ್ಯಾಸಬಲದಿಂದ ಸೇರಿಕೊಂಡರು. 'ನಾನು ಬೇಡ ಅಂದದ್ದು ಬೇಕು ಅಂತ' ಎಂದು ಮೈಕಿನಲ್ಲಿ ಹೇಳಬಲ್ಲ ಮನುಷ್ಯ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ. ಅವರು ಕೂತರು. ಪಕ್ಕದಲ್ಲಿ ಕಾತ್ಯಾಯಿನಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದರು.

ಊಟದ ಸಾಲಿನಲ್ಲಿ ವಸುಂಧರಾ ತಾವಾಗಿಯೇ ಹತ್ತಿರ ಬಂದರು. "ಬೇಜಾರ್ ಮಾಡ್ಕೋಬೇಡಿ ಸಾರ್. ನೀವೇ ಬಿಡ್ತೀರಿ ಅಂತ ನಿಧಿ ಹೇಳಿದ್ಳು. ನಾನೂ ಸುಮ್ನೆ ಒಂದ್ಸಲ ಬೇಡ ಅಂತೀನಿ ಕಣೇ ಅಂದೆ. ಅವ್ಳು, 'ಆಂಟಿ, ನಿಮಗೆ ಬೇಕಿದ್ರೆ ಮೊದಲ್ನೇ ಸಲಕ್ಕೇ ಹೂಂ ಅಂದ್ಬಿಡಿ, ಎರಡನೇ ಸಲ ಕೇಳೋದೇ ಇಲ್ಲ' ಅಂದ್ಳು."

ಗುರುರಾಜರ ತಟ್ಟೆಯಲ್ಲಿ ಬಿಸಿಬೇಳೆಬಾತ್ ಹೊಗೆಯಾಡುತ್ತಿತ್ತು. ಅವರಿಗೆ ಬೆನ್ನ ಹಿಂದೆ ಕಾರ್ಖಾನೆಯ ಫ್ರೀಜರಿನ ಬಾಗಿಲು ತೆರೆದಂತಾಯಿತು.

ಸೋಮವಾರ ಬೆಳಗಾಗುವಷ್ಟರಲ್ಲಿ ದಕ್ಷಿಣ ದ್ವೀಪದಲ್ಲಿ ದೊಡ್ಡ ಭೂಕಂಪವಾಗಿತ್ತು. ಬಳಗದವರೆಲ್ಲ ಅಲ್ಲಿನ ನೆಂಟರಿಗೆ ಫೋನ್ ಹಚ್ಚಿದರು. ಗುರುರಾಜರ ಬಗ್ಗೆ ಕನಿಕರಪಡಲೂ ಯಾರಿಗೂ ಪುರುಸೊತ್ತು ಉಳಿಯಲಿಲ್ಲ. ಅಂದು ಸಂಜೆ ಉದಯಶಂಕರ್ ಒಬ್ಬರೇ ಫೋನ್ ಮಾಡಿದ್ದು.

"ಸಾರ್, ಕೋಟಿ ಜನದಲ್ಲಿ ಒಬ್ರಿಗೆ ಸಿಗೋ ಕತೆ! ಸ್ವಂತ ತಂದೆ, ಪರ್ಮನೆಂಟ್ ಅಧ್ಯಕ್ಷ, ಮಗಳೇ ಇಳಿಸಿದ್ಳು. ಮುಂದಿನ ತಿಂಗ್ಳು ಇಂಟರ್ವ್ಯೂ ತಗೊಳ್ಳೋರು ಸೀಟಿಂದ ಎದ್ ಬಿಡ್ತಾರೆ."

ಗುರುರಾಜರು ಫೋನಿಟ್ಟು ಮಗಳ ಕೋಣೆಯ ಬಾಗಿಲಲ್ಲಿ ನಿಂತರು. "ನಿಂಗೆ ಗೊತ್ತಿತ್ತು ಅಲ್ವಾ, ನಾನು ಸುಮ್ನೆ ಬೇಡ ಅಂತೀನಿ ಅಂತ?"

"ಗೊತ್ತಿತ್ತು." ನಿಧಿ ಕುರ್ಚಿ ತಿರುಗಿಸಿದಳು. "ನಾನು ಆರು ವರ್ಷದವಳಿದ್ದಾಗಿಂದ ಬಳಗದ ಮೀಟಿಂಗುಗಳನ್ನ ನೋಡ್ತಿದೀನಿ ಅಪ್ಪಾ. ಆದ್ರೆ ರೂಲ್ ಓದಿದೆ, ನೀನು ಓಕೆ ಅಂದೆ. ನಾನೇನೂ ಮೋಸ ಮಾಡಿಲ್ಲ."

"ಮೋಸ ಅನ್ಲಿಲ್ಲ."

"ಒಂದೇ ಪ್ರಾಬ್ಲಂ. ನೀನು ಇದನ್ನ ತುಂಬಾ ಚೆನ್ನಾಗಿ ತಗೊಂಡ್ಬಿಟ್ಟೆ. ಇಂಟರ್ವ್ಯೂನಲ್ಲಿ, 'ಆಮೇಲೆ ಏನಾಯ್ತು, ಅದ್ರಿಂದ ನೀನೇನು ಕಳ್ಕೊಂಡೆ' ಅಂತ ನನ್ನ ಕೇಳ್ತಾರೆ. ಅಪ್ಪ ಬಂದು ಎರಡು ಮಾತಾಡಿ ಸುಮ್ನಾದ್ರು ಅಂದ್ರೆ ಕತೆ ಅಲ್ಲೇ ಸತ್ತುಹೋಗತ್ತೆ. ಉದಯಶಂಕರ್ ಅಂಕಲ್, 'ತಂದೆ ಮಾತು ಬಿಟ್ರು ಅಂತ ಹೇಳಿಬಿಡು, ಯಾರು ಬಂದು ನೋಡ್ತಾರೆ' ಅಂದ್ರು." ಅವಳ ಮುಖದಲ್ಲಿ ನಿಜವಾದ ಅಸಹ್ಯ ಮೂಡಿತು. "ನಾನು ಸುಳ್ಳು ಹೇಳಲ್ಲ ಅಂದೆ."

"ಒಳ್ಳೇದ್ ಮಾಡ್ದೆ."

"ಅದಕ್ಕೇ... ನೀನು ನಿಜವಾಗ್ಲೂ ನನ್ ಜೊತೆ ಮಾತು ಬಿಟ್ರೆ? ಸ್ವಲ್ಪ ದಿನ."

ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ಮಗಳು ಕಾಯುತ್ತಿದ್ದಳು, ಕಣ್ಣಲ್ಲಿ ಕೋಪವಿರಲಿಲ್ಲ, ನಾಚಿಕೆಯೂ ಇರಲಿಲ್ಲ, ಚಿಕ್ಕಂದಿನಲ್ಲಿ ಸೈಕಲ್ ಹಿಡಿದುಕೋ ಎಂದು ಕೇಳುವಾಗ ಇರುತ್ತಿದ್ದ ಅದೇ ನಂಬಿಕೆಯಿತ್ತು. ಇಲ್ಲ ಎನ್ನಬೇಕೆಂದು ಗುರುರಾಜರು ಬಾಯಿ ತೆರೆದರು. ಇಲ್ಲ ಎಂದರೆ ಇವಳು ಇನ್ನೊಂದು ಸಲ ಕೇಳುವುದಿಲ್ಲ ಎಂಬುದು ಈಗ ಅವರಿಗೆ ಖಚಿತವಾಗಿ ಗೊತ್ತಿತ್ತು. ಆ ಹಳೆಯ ವಿಶ್ವವಿದ್ಯಾಲಯದ ಬಾಗಿಲು ತಮ್ಮ ಒಂದು ಮಾತಿನಿಂದ ಮುಚ್ಚಿಕೊಳ್ಳುವುದೂ ಕಾಣಿಸಿತು.

ಹೂಂ ಎಂಬಂತೆ ತಲೆಯಾಡಿಸಿದರು.

"ಅಮ್ಮಂಗೆ ಹೇಳ್ಬೇಡ," ಎಂದಳು ನಿಧಿ. "ಅಮ್ಮನೂ ನಂಬಿದ್ರೇ ಅದು ನಿಜ."

ಮರುದಿನ ಬೆಳಿಗ್ಗೆ ಪರೀಕ್ಷೆಗೆ ಅವಳನ್ನು ಕಾರಿನಲ್ಲಿ ಬಿಡಲು ಹೊರಟರು. ದಾರಿಯುದ್ದಕ್ಕೂ ನಿಧಿ ಲವಲವಿಕೆಯಿಂದ ಮಾತಾಡಿದಳು: ಭೌತಶಾಸ್ತ್ರದ ಪ್ರಶ್ನೆಗಳು, ಬೋಸ್ಟನ್ನಿನ ಚಳಿ, ಕೊಳ್ಳಬೇಕಾದ ಕೋಟು. ರೈಲ್ವೆ ಗೇಟಿನ ಬಳಿ ನಿಂತಾಗ ಏನೋ ಜೋಕು ಹೇಳಿದಳು. ಗುರುರಾಜರಿಗೆ ನಗು ಬಂತು, ನುಂಗಿಕೊಂಡರು. ಅವಳು ಅದನ್ನು ಗಮನಿಸಿದಳು.

ಶಾಲೆಯ ಮುಂದೆ ಇಳಿದವಳು ಕಿಟಕಿಯ ಬಳಿ ಬಗ್ಗಿದಳು.

"ಥ್ಯಾಂಕ್ಸ್ ಅಪ್ಪಾ. ತುಂಬಾ ಚೆನ್ನಾಗಿ ಮಾಡ್ತಿದೀಯ."

ಸ್ವಲ್ಪ ದಿನ ಎಂದರೆ ಎಲ್ಲಿಯವರೆಗೆ ಎಂದು ಅವಳನ್ನು ಕೇಳಬೇಕೆನಿಸಿತು. ಕೇಳಬೇಕಾದರೆ ಮಾತಾಡಬೇಕಿತ್ತು. ಅವರು ಕಿಟಕಿಯ ಗಾಜು ಏರಿಸಿದರು.